ಮೀನಿನ ಹೆಜ್ಜೆ ಬಲ್ಲವರು

ನೀರಿನಲ್ಲಿ ಮೀನಿನ ಹೆಜ್ಜೆಯನ್ನು ಕಂಡವರುಂಟೇ ಎಂದು ನಮ್ಮ ಹಿರಿಯರು ಕೇಳುವುದುಂಟು. ಅಟ್ಲಾಂಟಿಕ್ ಸಾಗರದ ಬಹಾಮಾ ದ್ವೀಪಗಳಲ್ಲಿ ಆ ಹೆಜ್ಜೆಯನ್ನು ಕಾಣುವುದನ್ನೇ ಜೀವನೋಪಾಯ ಮಾಡಿಕೊಂಡವರಿದ್ದಾರೆ. ಆ ದ್ವೀಪಗಳಲ್ಲೆಲ್ಲ ಅತಿ ದೊಡ್ಡದು ಆಂಡ್ರೋಸ್. ಗಾಳದ ಹವ್ಯಾಸಿಗಳು ದೂರದೇಶಗಳಿಂದ ಅಲ್ಲಿಗೆ ಬರುವುದು ಬೋನ್‌ಫಿಶ್ ಎಂಬ ಬೆಳ್ಳಿಯ ಬಣ್ಣದ ಮೀನನ್ನು ಅರಸಿ. ಹೊಳೆಗಳಲ್ಲಿ ಹತ್ತಾರು ವರ್ಷ ಗಾಳ ಬೀಸಿ ಕೈ ಪಳಗಿಸಿಕೊಂಡವನು ಕೂಡ ಇಲ್ಲಿ ಮೊದಲ ದಿನ ಅಕ್ಷರಾಭ್ಯಾಸಕ್ಕೆ ಕುಳಿತ ಬಾಲಕನೇ ಸರಿ.

ಗರಿಯ ಗಾಳ

ಈ ಬಗೆಯ ಮೀನುಗಾರಿಕೆಗೆ ‘ಫ್ಲೈ ಫಿಶಿಂಗ್’ ಎಂದು ಹೆಸರು. ಎರೆಹುಳುವಿಗೆ ಇಲ್ಲಿ ಕೆಲಸವಿಲ್ಲ. ಕೊಕ್ಕೆಗೆ ಗರಿ, ಕೂದಲು, ನೂಲುಗಳನ್ನು ಸುತ್ತಿ ಕೀಟದಂತೆಯೋ ಸೀಗಡಿಯಂತೆಯೋ ತೋರುವ ಹಗುರವಾದ ಆಕೃತಿಯನ್ನು ಕಟ್ಟುತ್ತಾರೆ, ಅದೇ ‘ಫ್ಲೈ’. ಸಾಮಾನ್ಯ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದೊಯ್ದರೆ, ಇಲ್ಲಿ ದಪ್ಪ ದಾರದ ಭಾರವೇ ಕೊಕ್ಕೆಯನ್ನು ಒಯ್ಯಬೇಕು. ಕೋಲನ್ನು ಹಿಂದಕ್ಕೆ ಬೀಸಿದಾಗ ದಾರವು ಬೆನ್ನ ಹಿಂದೆ ನೀಳವಾಗಿ ಬಿಚ್ಚಿಕೊಳ್ಳುವವರೆಗೆ ತಾಳಿ, ಅನಂತರವೇ ಮುಂದಕ್ಕೆ ಬೀಸಬೇಕು. ಆತುರಪಟ್ಟವನ ದಾರವು ಅವನ ಕಾಲಬುಡದಲ್ಲಿಯೇ ಸುರುಳಿಯಾಗಿ ಬೀಳುತ್ತದೆ.

ಬ್ರಿಟನ್ನಿನ ಹೊಳೆಗಳಲ್ಲಿ ಟ್ರೌಟ್, ಸಾಲ್ಮನ್ ಮೀನುಗಳಿಗಾಗಿ ಬೆಳೆದ ಈ ಕಲೆಯು ಉಷ್ಣವಲಯದ ಕಡಲಿಗಿಳಿದು ಪ್ರಸಿದ್ಧಿ ಪಡೆದುದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದ ಲೇಖಕ ಜೋ ಬ್ರೂಕ್ಸ್ 1947ರಲ್ಲಿ ಫ್ಲಾರಿಡಾದ ಕರಾವಳಿಯಲ್ಲಿ ಫ್ಲೈ ಬೀಸಿ ಬೋನ್‌ಫಿಶ್ ಹಿಡಿದನು. 1950ರಲ್ಲಿ ಹೊರಬಂದ ಅವನ ಗ್ರಂಥವು ಈ ವಿದ್ಯೆಯನ್ನು ಅನೇಕರಿಗೆ ಪರಿಚಯಿಸಿತು. ಆಂಡ್ರೋಸಿನ ಕೊಡುಗೆಯೂ ಸಣ್ಣದಲ್ಲ. 1977ರಲ್ಲಿ ಬಾಬ್ ನಾಹೈಮ್ ಎಂಬ ಅಮೆರಿಕನ್ ಅಲ್ಲಿ ಕಟ್ಟಿದ, ಮಣಿಸರದ ಕಣ್ಣುಗಳುಳ್ಳ ಒಂದು ಫ್ಲೈ ಲೋಕಪ್ರಸಿದ್ಧವಾಗಿದೆ. ಮಣಿಗಳ ಭಾರದಿಂದ ಕೊಕ್ಕೆಯ ಮೊನೆ ಮೇಲ್ಮುಖವಾಗಿ ಚಲಿಸುವುದರಿಂದ ಅದು ಪಾಚಿಗೆ ಸಿಕ್ಕಿಕೊಳ್ಳುವುದು ಕಡಿಮೆ. ಅದಕ್ಕೆ ‘ಕ್ರೇಜಿ ಚಾರ್ಲಿ’ ಎಂಬ ಹೆಸರು ಬಂದುದು ದ್ವೀಪದ ಮಾರ್ಗದರ್ಶಿ ಚಾರ್ಲಿ ಸ್ಮಿತ್‌ನಿಂದ.

ಗಡಿಯಾರದ ಭಾಷೆ

ಕಾಂಡ್ಲಾ ಗಿಡಗಳ ಅಂಚಿನಿಂದ ಮೈಲಿಗಟ್ಟಲೆ ಹರಡಿರುವ ಬಿಳಿಯ ಮರಳಿನ ಮೇಲೆ ಮೊಣಕಾಲುದ್ದದ ತಿಳಿನೀರು. ಇದೇ ಬೇಟೆಯ ಕಣ. ದೋಣಿಯ ಹಿಂಬದಿಯ ಎತ್ತರದ ಅಟ್ಟಣೆಯಲ್ಲಿ ಮಾರ್ಗದರ್ಶಿ ನಿಂತು, ಉದ್ದನೆಯ ಗಳುವಿನಿಂದ ಸದ್ದಿಲ್ಲದೆ ದೋಣಿಯನ್ನು ನೂಕುತ್ತಾನೆ. ಮುಂಬದಿಯಲ್ಲಿ ಹೊಸಬನು ಕೋಲು ಹಿಡಿದು ಕಾಯುತ್ತಾನೆ. ದೋಣಿಯ ಮೂತಿ ತೋರುವ ದಿಕ್ಕು ಹನ್ನೆರಡು ಗಂಟೆ. ಬಲಗೈ ಪಾರ್ಶ್ವ ಮೂರು ಗಂಟೆ, ಎಡಗೈ ಪಾರ್ಶ್ವ ಒಂಬತ್ತು. “ಹನ್ನೊಂದು ಗಂಟೆ, ನಲವತ್ತು ಅಡಿ!” ಎಂದು ಹಿಂದಿನಿಂದ ಪಿಸುದನಿ ಕೇಳಿಬಂದರೆ ಮೀನು ಎಲ್ಲಿದೆಯೆಂಬುದು ತಿಳಿಯಬೇಕು.

ಆದರೆ ಹೊಸಬನ ಕಣ್ಣಿಗೆ ಅಲ್ಲಿ ನೀರಲ್ಲದೆ ಬೇರೇನೂ ಕಾಣದು. ಕಣ್ಣಿನ ದೋಷ ಇದಲ್ಲ. ಬೋನ್‌ಫಿಶ್‌ನ ಪಕ್ಕೆಯ ಹುರುಪೆಗಳು ಕನ್ನಡಿಗಳಂತೆ ಸುತ್ತಣ ಮರಳಿನ ಬಣ್ಣವನ್ನೇ ಪ್ರತಿಫಲಿಸಿ ಒಡಲನ್ನು ಮರೆಮಾಡುತ್ತವೆ. ಮೀನು ಅಡಗಿದರೂ ಅದರ ನೆರಳು ಅಡಗದು. ಮಾರ್ಗದರ್ಶಿ ನೋಡುವುದು ಮರಳಿನ ಮೇಲೆ ಜಾರುವ ಆ ನೆರಳನ್ನು. ಗಾಳಿಯ ಅಲೆಗಳ ನಡುವೆ ಬೇರೊಂದು ದಿಕ್ಕಿಗೆ ನಡುಗುವ ನೀರನ್ನು. ಸೀಗಡಿ, ಏಡಿಗಳಿಗಾಗಿ ಮೀನು ಮರಳನ್ನು ಕೆದಕಿದಾಗ ಏಳುವ ಬಿಳಿ ಕದಡನ್ನು. ನೀರು ತೀರ ತೆಳುವಾದೆಡೆ ಮೀನು ತಲೆ ತಗ್ಗಿಸಿ ಮೇಯುವಾಗ ಬಾಲದ ತುದಿ ಹೊರಚಾಚಿ ಬಿಸಿಲಿಗೆ ಫಳಕ್ಕನೆ ಮಿಂಚುತ್ತದೆ. ನೀರಿನ ಮೇಲಣ ಹೊಳಪನ್ನು ತಗ್ಗಿಸುವ ಪೋಲರಾಯ್ಡ್ ಕನ್ನಡಕ ಸಹಾಯ ಮಾಡೀತು. ಆದರೆ ನೋಟವನ್ನು ಕಲಿಸುವ ಕನ್ನಡಕ ಯಾವ ಅಂಗಡಿಯಲ್ಲಿಯೂ ದೊರೆಯದು.

ಕೈಯ ಹಳೆಯ ಚಾಳಿ

ಕಂಡ ಮೇಲಾದರೂ ಕೆಲಸ ಸುಲಭವೇ? ಬೀಸುವ ಗಾಳಿ ದಾರವನ್ನು ಪಕ್ಕಕ್ಕೊಯ್ಯುತ್ತದೆ. ಫ್ಲೈ ಮೀನಿನ ತಲೆಯ ಮೇಲೆ ಬಿದ್ದರೆ ಇಡೀ ಹಿಂಡೇ ಹೊಗೆಯಂತೆ ಮಾಯ. ತೀರ ದೂರ ಬಿದ್ದರೆ ಮೀನಿಗೆ ಅದರ ಸುಳಿವೇ ಇಲ್ಲ. ಅದು ಸಾಗುವ ದಾರಿಯಲ್ಲಿ ನಾಲ್ಕಾರು ಅಡಿ ಮುಂದೆ ಮೆಲ್ಲನೆ ಇಳಿಸಿ, ಓಡುವ ಸೀಗಡಿಯಂತೆ ಎಡಗೈಯಿಂದ ದಾರವನ್ನು ತುಸುತುಸುವೇ ಎಳೆಯಬೇಕು.

ಮೀನು ಬಾಯಿ ಹಾಕಿದ ಗಳಿಗೆಯಲ್ಲಿಯೇ ಹೊಳೆಯಲ್ಲಿ ಕಲಿತ ಪಾಠ ಶತ್ರುವಾಗುತ್ತದೆ. ಟ್ರೌಟ್ ಕಚ್ಚಿದಾಗ ಕೋಲನ್ನು ಮೇಲೆತ್ತುವುದು ವಾಡಿಕೆ. ಇಲ್ಲಿ ಹಾಗೆ ಮಾಡಿದರೆ ಫ್ಲೈ ಮೀನಿನ ಬಾಯಿಂದ ಜಾರಿ ಗಾಳಿಗೇರುತ್ತದೆ. ಕೋಲನ್ನು ಕೆಳಗೇ ಇರಿಸಿ, ಎಡಗೈಯಿಂದ ದಾರವನ್ನು ನೇರವಾಗಿ ಜಗ್ಗಬೇಕು. ಬುದ್ಧಿಗೆ ಒಂದೇ ನಿಮಿಷದಲ್ಲಿ ತಿಳಿಯುವ ಈ ಮಾತು ಕೈಗೆ ತಿಳಿಯಲು ದಿನಗಳೇ ಬೇಕಾಗುತ್ತವೆ. ಕೊಕ್ಕೆ ನಾಟಿತೋ, ಮೀನು ಆಳದ ಕಡೆಗೆ ಓಟ ಕೀಳುತ್ತದೆ. ಕಾಲಬಳಿಯ ದಾರದ ಸುರುಳಿ ಬೆರಳಿಗೋ ಗುಂಡಿಗೋ ಸಿಕ್ಕಿದರೆ ಕೊನೆಯ ಎಳೆ ತುಂಡಾಗುವುದು ಖಂಡಿತ. ಸಿಗದಿದ್ದರೆ ರಾಟೆ ಕಿರುಚುತ್ತ ನೂರು ಗಜ ದಾರ ನೋಡನೋಡುತ್ತಿದ್ದಂತೆ ಹೊರಟುಹೋಗುತ್ತದೆ.

ಬಿಡುವ ವಿದ್ಯೆ

ದಣಿದ ಮೀನು ಹತ್ತಿರ ಬಂದಾಗ ಹೊಸಬನು ಗೆದ್ದೆನೆಂದು ಹಿಗ್ಗುವನು. ಮಾರ್ಗದರ್ಶಿ ಮಾತ್ರ ಸುತ್ತಣ ನೀರನ್ನು ದಿಟ್ಟಿಸುವನು, ಶಾರ್ಕ್ ಸುಳಿಯುತ್ತಿರಬಹುದು. ಬಹಾಮಾದ ಎಲೂಥರಾ ದ್ವೀಪದಲ್ಲಿ ವಿಜ್ಞಾನಿಗಳು ಪರೀಕ್ಷಿಸಿದಂತೆ, ಬಿಡುಗಡೆಯಾದರೂ ಸಮತೋಲ ತಪ್ಪಿ ಹೊರಳುವ ಮೀನು ಬಹುಬೇಗ ಶಾರ್ಕಿಗೆ ತುತ್ತಾಗುತ್ತದೆ. ಆದ್ದರಿಂದ ಹೋರಾಟವನ್ನು ಲಂಬಿಸಬಾರದು, ಒಣಗೈಯಿಂದ ಮುಟ್ಟಬಾರದು, ಭಾವಚಿತ್ರದ ಆಸೆಗೆ ಗಾಳಿಯಲ್ಲಿ ಎತ್ತಿ ಹಿಡಿದಿರಬಾರದು. ಮುಳ್ಳು ಚಪ್ಪಟೆಗೊಳಿಸಿದ ಕೊಕ್ಕೆಯನ್ನು ನೀರಿನಲ್ಲಿಯೇ ಕಳಚಿ, ಮೀನು ತಾನಾಗಿ ಈಜುವವರೆಗೆ ಕಾಯಬೇಕು. ಇಪ್ಪತ್ತು ವರ್ಷದವರೆಗೂ ಬಾಳಬಲ್ಲ ಜೀವಿಯ ಅಳಿವು ಉಳಿವು ಆ ಅರೆನಿಮಿಷದಲ್ಲಿ ನಿರ್ಧಾರವಾಗುತ್ತದೆ.

ಇದು ಬರಿಯ ಕನಿಕರದ ಮಾತಲ್ಲ, ಊರಿನ ಅನ್ನದ ಮಾತೂ ಹೌದು. ಈ ತೆಳುನೀರಿನ ಬೇಟೆಯಿಂದ ಬಹಾಮಾಕ್ಕೆ ವರ್ಷಕ್ಕೆ ಸುಮಾರು 14 ಕೋಟಿ ಡಾಲರುಗಳ ವಹಿವಾಟು ಒದಗುವುದೆಂದು 2010ರ ಒಂದು ಅಧ್ಯಯನ ಅಂದಾಜು ಮಾಡಿತು. ಅಲ್ಲಿ ಬೋನ್‌ಫಿಶ್‌ಗೆ ಬಲೆ ಬೀಸುವುದೂ ಅದನ್ನು ಮಾರುವುದೂ ನಿಷಿದ್ಧ. ಆಂಡ್ರೋಸಿನ ಪಶ್ಚಿಮ ತೀರವು 2002ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2012ರಲ್ಲಿ ಅದರ ಮೇರೆಯನ್ನು ಬಹುವಾಗಿ ವಿಸ್ತರಿಸಲಾಯಿತು. ಒಮ್ಮೆ ಸತ್ತ ಮೀನು ಒಂದು ಹೊತ್ತಿನ ಊಟ; ಬಿಟ್ಟ ಮೀನು ವರ್ಷಾನುಗಟ್ಟಲೆ ಅನೇಕ ಮನೆಗಳ ಒಲೆ ಉರಿಸುತ್ತದೆ.

ಮೊದಲ ದಿನ ಅನೇಕರು ಬರಿಗೈಯಲ್ಲಿ ದಡ ಸೇರುತ್ತಾರೆ. ಎರಡನೆಯ ದಿನವೂ ಹಾಗೆಯೇ ಕಳೆಯಬಹುದು. ಆದರೆ ಒಂದು ಮುಂಜಾನೆ, ಹಿಂದಿನಿಂದ ಪಿಸುದನಿ ಬರುವ ಮೊದಲೇ, ಮರಳಿನ ಮೇಲೊಂದು ನಸುಗಪ್ಪು ಗೆರೆ ಜಾರುವುದು ಹೊಸಬನಿಗೆ ಕಾಣುತ್ತದೆ. ಕೋಲನ್ನೆತ್ತಲು ಮರೆತು ಅವನು ಅದನ್ನೇ ನೋಡುತ್ತ ನಿಂತರೂ ನಷ್ಟವಿಲ್ಲ. ಅಂದಿನಿಂದ ಅವನು ಹೊಸಬನಲ್ಲ.