ನೂಲು ಬಿಚ್ಚುವ ಮನೆಯಲ್ಲಿ ಜಪಾನಿ ಕಾಗುಣಿತ

ರಾಮನಗರ: ಬೆಳಗಿನ ಜಾವ ನಾಲ್ಕೂವರೆ. ಊರೆಲ್ಲ ಮುಸುಕೆಳೆದು ಮಲಗಿರುವ ಹೊತ್ತು. ರೇಷ್ಮೆ ಗೂಡಿನ ಮಾರುಕಟ್ಟೆಗೆ ಸ್ವಲ್ಪ ದೂರದ ಬೀದಿಯೊಂದರಲ್ಲಿ, ಒಂದು ಮನೆಯ ಹಿತ್ತಲಲ್ಲಿ ಮಾತ್ರ ದೀಪ ಉರಿಯುತ್ತಿರುತ್ತದೆ. ಒಲೆ ಹೊತ್ತಿಸಿ ಬೇಸಿನ್ನಿಗೆ ನೀರು ಕಾಯಿಸುವುದು ಅಪ್ಪನ ಕೆಲಸ. ಪಕ್ಕದ ಕಲ್ಲುಚಪ್ಪಡಿಯ ಮೇಲೆ ಕೂತು ಚೌಕಳಿ ನೋಟ್‌ಬುಕ್ಕಿನಲ್ಲಿ ಅಕ್ಷರ ತಿದ್ದುವುದು ಮಗಳ ಕೆಲಸ.

“ಏನವ್ವ ಅದು, ರಂಗೋಲಿನಾ?” ಎಂದು ಕೆಲಸಕ್ಕೆ ಬರುವ ಹೆಂಗಸರು ಮೊದಮೊದಲು ಕೇಳುತ್ತಿದ್ದರು. ಈಗ ಕೇಳುವುದಿಲ್ಲ. ಹೊಸಬರು ಯಾರಾದರೂ ಬಂದು ಕಣ್ಣರಳಿಸಿದರೆ, “ಅದು ಜಪಾನು ಕಣಮ್ಮಿ” ಎಂದು ಅವರೇ ತಿಳಿಸಿಬಿಡುತ್ತಾರೆ.

ಹುಡುಗಿಯ ಹೆಸರು ಬೇಡ ಎಂಬುದು ಮನೆಯವರ ಕೋರಿಕೆ. “ರಿಸಲ್ಟು ಬರೋಕ್ ಮುಂಚೆ ಪೇಪರ್‌ನಾಗೆ ಹಾಕುದ್ರೆ ದೃಷ್ಟಿ ಆಯ್ತದೆ” ಎಂದು ಅವ್ವನ ಅಂಜಿಕೆ. ವಯಸ್ಸು 24. ರೇಷ್ಮೆ ವಿಷಯದಲ್ಲೇ ಎಂ.ಎಸ್ಸಿ. ಮುಗಿಸಿ ಕೆಂಗೇರಿ ಕಡೆಯ ಖಾಸಗಿ ಲ್ಯಾಬೊಂದರಲ್ಲಿ ಕೆಲಸ. ಜಪಾನ್ ಸರ್ಕಾರದ ಸ್ಕಾಲರ್‌ಶಿಪ್ ಗಿಟ್ಟಿಸಿ ಅಲ್ಲಿ ಸಂಶೋಧನೆ ಮಾಡಬೇಕೆಂಬುದು ಹಟ. ಹೋದ ವರ್ಷ ಸಂದರ್ಶನದ ತನಕ ಹೋಗಿ ವಾಪಸು ಬಂದಿದ್ದಾಳೆ. ಇದು ಎರಡನೇ ಸಲ. ಮೂರನೇ ಸಲ ಇಲ್ಲ ಎಂದು ಮನೆಯಲ್ಲಿ ತೀರ್ಮಾನವಾಗಿದೆ.

ರೈಲಿನಲ್ಲಿ ಪಾಠ

ಆರೂವರೆಗೆ ಮನೆ ಬಿಟ್ಟರೆ ಮುಂದಿನ ಪಾಠಶಾಲೆ ಬೆಂಗಳೂರು ಕಡೆಯ ಪ್ಯಾಸೆಂಜರು ಗಾಡಿ. ಕೆತೋಹಳ್ಳಿ, ಬಿಡದಿ, ಹೆಜ್ಜಾಲ ದಾಟುವಷ್ಟರಲ್ಲಿ ಇಪ್ಪತ್ತು ಚೀಟಿ ಓದಿ ಮುಗಿಯಬೇಕು. ಹಳೆಯ ಮದುವೆ ಕಾಗದಗಳನ್ನು ಕತ್ತರಿಸಿ ಮಾಡಿಕೊಂಡ ಚೀಟಿಗಳು. ಒಂದು ಕಡೆ ಜಪಾನಿ ಅಕ್ಷರ, ಇನ್ನೊಂದು ಕಡೆ ಕನ್ನಡ ಅರ್ಥ. ದಿನಾ ಎದುರು ಕೂರುವ ಹೂವಿನ ಹೆಂಗಸೊಬ್ಬರು ಚೀಟಿ ಹಿಡಿದು ಪರೀಕ್ಷೆ ಮಾಡುತ್ತಾರೆ. “ತಲೆಕೆಳಗಾಗಿ ಹಿಡ್ದಿವ್ನೇನೋ ನೋಡ್ಕಳವ್ವ” ಎಂಬುದು ಅವರ ಪ್ರತಿದಿನದ ಮಾತು.

ಜಪಾನಿ ಭಾಷೆ ಕಬ್ಬಿಣದ ಕಡಲೆ ಎಂದೇ ಎಲ್ಲರೂ ಹೆದರಿಸಿದ್ದರು. ಕಲಿಯಲು ಕೂತ ಮೇಲೆ ಈಕೆಗೆ ಆದ ಆಶ್ಚರ್ಯವೇ ಬೇರೆ. ಅವರ ಅಕ್ಷರಮಾಲೆ ಶುರುವಾಗುವುದೇ ಅ, ಇ, ಉ, ಎ, ಒ ಎಂದು. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಹಿಂದೆ ಬೌದ್ಧ ಭಿಕ್ಷುಗಳ ಸಂಸ್ಕೃತ ವ್ಯಾಸಂಗದ ಜೊತೆ ಅಲ್ಲಿಗೆ ಹೋದ ಕ್ರಮ ಇದು. ಅದರಲ್ಲೂ ‘ಕ, ಕಿ, ಕು, ಕೆ, ಕೊ’ ಎಂದು ಕಾಗುಣಿತದಂತೆಯೇ ಬಾಯಿಪಾಠ.

ವಾಕ್ಯದ ಜೋಡಣೆಯೂ ಕನ್ನಡದ ಜಾಡಿನಲ್ಲೇ ಹೋಗುತ್ತದೆ. ‘ಗೋಹನ್ ಒ ತಬೆಮಾಸು’: ಗೋಹನ್ ಎಂದರೆ ಅನ್ನ, ‘ಒ’ ಎಂದರೆ ಕನ್ನಡದ ‘ಅನ್ನು’, ತಬೆಮಾಸು ಎಂದರೆ ತಿನ್ನುತ್ತೇನೆ. ಕ್ರಿಯಾಪದ ಕೊನೆಗೇ ಬರಬೇಕು. ಪಟಪಟ ಮಾತಾಡುವವರಿಗೆ ಅಲ್ಲಿ ‘ಪೆರಪೆರ’. ಮಳೆ ಧೋ ಎಂದರೆ ‘ಝಾಝಾ’, ಜಿಟಿಜಿಟಿ ಹಿಡಿದರೆ ‘ಶಿತೊಶಿತೊ’. ಒಂದೇ ತೊಂದರೆ, ಅವರಲ್ಲಿ ‘ಲ’, ‘ಳ’ ಎರಡೂ ಇಲ್ಲ. ಎಲ್ಲಕ್ಕೂ ‘ರ’. ಬೆಂಗಳೂರು ಅವರ ಬರಹದಲ್ಲಿ ಬೆಂಗರೂರು. ರಾಮನಗರಕ್ಕೆ ಮಾತ್ರ ಯಾವ ಧಕ್ಕೆಯೂ ಇಲ್ಲ!

ಬೆವರಿಳಿಸುವುದು ಚೀನಾದಿಂದ ಬಂದ ಚಿತ್ರಾಕ್ಷರ, ಅಂದರೆ ‘ಕಂಜಿ’. ನಿತ್ಯ ಬಳಕೆಗೆಂದು ಅಲ್ಲಿನ ಸರ್ಕಾರ ಪಟ್ಟಿ ಮಾಡಿರುವುದೇ 2,136. ಭಾಷಾ ಪರೀಕ್ಷೆಗೆ ಎನ್-5ರಿಂದ ಎನ್-1ರ ತನಕ ಐದು ಮೆಟ್ಟಿಲು. ಎನ್-5 ಎಂದರೆ ಬಾಲಬೋಧೆ, ಎನ್-1 ಎಂದರೆ ಪಂಡಿತರ ಪಾಳಿ. ಈಕೆ ಹೋದ ಡಿಸೆಂಬರಿನಲ್ಲಿ ಎನ್-5 ಪಾಸು ಮಾಡಿಕೊಂಡಳು. ಜುಲೈ ಮೊದಲ ಭಾನುವಾರ ಎನ್-4. ಅದರಲ್ಲಿ 180ಕ್ಕೆ 90 ಬಂದರೆ ಗೆದ್ದಂತೆ.

ಹಳೆಯ ನಂಟು

ಜಪಾನೇ ಯಾಕೆ? ಪಕ್ಕದ ಫಿಲೇಚರಿನ ಭಾಯಿ ಒಮ್ಮೆ ನೇರವಾಗಿ ಕೇಳಿದರಂತೆ: “ಅಲ್ಲಿ ಈಗ ಹುಳ ಸಾಕೋರೇ ಇಲ್ವಂತಲ್ಲ ಬೇಟಿ, ಅಲ್ಲಿ ಹೋಗಿ ಏನ್ ಕಲೀತೀಯ?”

ಭಾಯಿಯ ಮಾತು ಸುಳ್ಳಲ್ಲ. 1929ರ ಸುಮಾರಿಗೆ ಜಪಾನಿನಲ್ಲಿ 22 ಲಕ್ಷ ಮನೆಗಳು ರೇಷ್ಮೆ ಹುಳ ಸಾಕುತ್ತಿದ್ದವು. 2022ರ ಹೊತ್ತಿಗೆ ಉಳಿದದ್ದು 200ಕ್ಕೂ ಕಡಿಮೆ. “ಹುಳ ಹೋಯ್ತು ಭಾಯ್, ಓದು ಉಳ್ಕೊಂಡಿದೆ” ಎಂಬುದು ಹುಡುಗಿಯ ಉತ್ತರ. ಈಕೆ ಕಣ್ಣಿಟ್ಟಿರುವುದು ನಾಗಾನೊ ಸೀಮೆಯ ಉಯೇದಾ ಎಂಬ ಊರಿನ ಮೇಲೆ. 1910ರಲ್ಲಿ ರೇಷ್ಮೆ ಶಾಲೆಯಾಗಿ ಶುರುವಾದದ್ದು ಈಗ ಅಲ್ಲಿ ಶಿನ್ಶು ವಿಶ್ವವಿದ್ಯಾಲಯದ ಜವಳಿ ವಿಜ್ಞಾನ ವಿಭಾಗ.

ಮೈಸೂರು ಸೀಮೆಗೂ ಜಪಾನಿಗೂ ರೇಷ್ಮೆಯ ನಂಟು ಹಳೆಯದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜೆಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ತೋಟ ತೆಗೆದಾಗ ತಜ್ಞರನ್ನು ಕರೆಸಿದ್ದು ಜಪಾನಿನಿಂದ. 1991ರಿಂದ 2007ರ ತನಕ ಜಪಾನಿನ ನೆರವಿನಲ್ಲಿ ಇಲ್ಲಿ ದ್ವಿತಳಿ ರೇಷ್ಮೆಯ ಯೋಜನೆ ನಡೆಯಿತು. ಮೈಸೂರಿನ ಕೇಂದ್ರದಲ್ಲಿ ರೂಪಗೊಂಡ ಸಿ.ಎಸ್.ಆರ್. ತಳಿಗಳು ಆ ಕಾಲದ ಕೂಸುಗಳೇ. ಹರಾಜು ಕಟ್ಟೆಗೆ ಬಂದು ಬೀಳುವ ಬೆಳ್ಳನೆಯ ಗೂಡಿಗೆ ಜಪಾನಿನ ನೆಂಟಸ್ತಿಕೆ ಇದೆ ಎಂಬುದು ಎಷ್ಟೋ ಲಾಟು ಕೂಗಿದವರಿಗೂ ಗೊತ್ತಿರಲಾರದು.

ಆರು ಲಕ್ಷದ ದಾರಿ

ಹೋದ ವರ್ಷ ಸ್ಕಾಲರ್‌ಶಿಪ್ ಕೈತಪ್ಪಿದಾಗ ಮಗಳಿಗಿಂತ ಅಪ್ಪನೇ ಹೆಚ್ಚು ಕುಗ್ಗಿದರು. ದಸರಾ ಹೊತ್ತಿಗೆ ನೆಂಟರೊಬ್ಬರು ಏಜೆಂಟನೊಬ್ಬನನ್ನು ಮನೆಗೇ ಕರೆತಂದರು. ಆರು ಲಕ್ಷ ಕಟ್ಟಿದರೆ ಸಾಕು, ಭಾಷಾ ಶಾಲೆಗೆ ಸೀಟು, ವೀಸಾ, ಎಲ್ಲಾ ತನ್ನ ಜವಾಬ್ದಾರಿ. ಅಲ್ಲಿ ಪಾರ್ಟ್‌ಟೈಂ ದುಡಿದು ವರ್ಷದೊಳಗೆ ಸಾಲ ತೀರಿಸಬಹುದು ಎಂದು ಆತನ ಅಂಬೋಣ. ಅಪ್ಪ ಸೈಟಿನ ಪತ್ರವನ್ನು ಬೀರುವಿನಿಂದ ತೆಗೆದೂ ಆಗಿತ್ತು.

ಮಗಳು ಹರಾಜು ಚೀಟಿಯ ಬೆನ್ನ ಮೇಲೆ ಲೆಕ್ಕ ಹಾಕಿದಳು. ವಿದ್ಯಾರ್ಥಿ ವೀಸಾದವರು ಅಪ್ಪಣೆ ಪಡೆದು ದುಡಿಯಬಹುದಾದದ್ದು ವಾರಕ್ಕೆ 28 ಗಂಟೆ ಮಾತ್ರ. 2024ರಲ್ಲಿ ನಿಗದಿಯಾದ ಕನಿಷ್ಠ ಕೂಲಿ ಸರಾಸರಿ ಗಂಟೆಗೆ 1,055 ಯೆನ್. ನಾಲ್ಕು ವಾರಕ್ಕೆ 1,18,000 ಯೆನ್ ಚಿಲ್ಲರೆ. ಅದರಲ್ಲೇ ಬಾಡಿಗೆ, ಊಟ, ಶಾಲೆಯ ಫೀಸು. ಸಾಲಕ್ಕೆ ಉಳಿಯುವುದೆಷ್ಟು? ಅದೇ ವರ್ಷ ಸರ್ಕಾರಿ ಸ್ಕಾಲರ್‌ಶಿಪ್ಪಿನ ಸಂಶೋಧನಾ ವಿದ್ಯಾರ್ಥಿಗೆ ತಿಂಗಳಿಗೆ 1,43,000 ಯೆನ್. ಫೀಸು ಮಾಫಿ. ಹೋಗಿಬರುವ ವಿಮಾನದ ಖರ್ಚೂ ಅವರದೇ. ಅರ್ಜಿಗೆ ಒಂದು ಪೈಸೆ ಶುಲ್ಕವಿಲ್ಲ, ನಡುವೆ ಏಜೆಂಟನೂ ಬೇಕಿಲ್ಲ. ಆದರೆ ದೇಶಕ್ಕೆಲ್ಲ ಸೇರಿ ಆರಿಸುವುದು ಕೆಲವರನ್ನು ಮಾತ್ರ.

ಚೀಟಿ ನೋಡಿದ ಅಪ್ಪ ಪತ್ರವನ್ನು ಬೀರುವಿಗೆ ಮರಳಿ ಇಟ್ಟರು. ಆದರೆ ಅವ್ವ ಒಂದು ಷರತ್ತು ಹಾಕಿದರು. ಬರುವ ಯುಗಾದಿ ತನಕ ಓದಲಿ. ಆಗದಿದ್ದರೆ ಮಾಗಡಿ ಕಡೆಯ ಸಂಬಂಧಕ್ಕೆ ಒಪ್ಪಿಕೊಳ್ಳಬೇಕು. ಮಗಳು ಹೂಂ ಅಂದಿದ್ದಾಳೆ.

ಅಪ್ಪನ ಪ್ರಶ್ನೆ

ಹೋದ ವರ್ಷ ಸೋತದ್ದೇಕೆ ಎಂದು ಈಕೆಗೆ ಗೊತ್ತು. ಸಂಶೋಧನಾ ಯೋಜನೆ ಎಂದು ಅಲ್ಲಿಂದ ಇಲ್ಲಿಂದ ಹೆಕ್ಕಿ ದೊಡ್ಡ ದೊಡ್ಡ ಪದ ತುಂಬಿದ್ದಳು. ಸಂದರ್ಶನದಲ್ಲಿ “ಇದು ನಿನಗೆ ಯಾಕೆ ಬೇಕು?” ಎಂದು ಕೇಳಿದಾಗ ಬಾಯಿ ಕಟ್ಟಿಹೋಯಿತು.

ಈ ಸಲದ ಪ್ರಶ್ನೆ ಸಿಕ್ಕಿದ್ದು ಹಿತ್ತಲಿನ ಬೇಸಿನ್ನಿನಲ್ಲಿ. ಒಳ್ಳೆಯ ದ್ವಿತಳಿ ಗೂಡಾದರೆ ಆರು ಕಿಲೋಗೆ ಒಂದು ಕಿಲೋ ನೂಲು ಬರುತ್ತದೆ, ಮಿಶ್ರತಳಿಗೆ ಏಳೆಂಟು ಕಿಲೋ ಹಿಡಿಯುತ್ತದೆ. ಈ ಲೆಕ್ಕಕ್ಕೆ ಇಲ್ಲಿನವರು ರೆಂಡಿಟ್ಟ ಎನ್ನುತ್ತಾರೆ. ಮಳೆಗಾಲ ಬಂತೆಂದರೆ ರೆಂಡಿಟ್ಟವೆಲ್ಲ ಎಕ್ಕುಟ್ಟಿಹೋಗುತ್ತದೆ. ಹುಳ ಗೂಡು ಕಟ್ಟುವ ಹೊತ್ತಿನಲ್ಲಿ ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅಂಥ ಗೂಡಿನ ಎಳೆ ಸಲೀಸಾಗಿ ಬಿಚ್ಚುವುದಿಲ್ಲ, ಮತ್ತೆ ಮತ್ತೆ ಹರಿಯುತ್ತದೆ.

“ನೋಡಕ್ಕೆ ಗೂಡು ಗುಂಡ್‌ಗುಂಡ್‌ಗೆ ಇರ್ತದೆ. ಬೇಸಿನ್‌ಗೆ ಹಾಕುದ್ರೆ ಪಟ್ ಅಂತ ಕಿತ್ತೋಯ್ತದೆ. ಹರಾಜ್‌ನಾಗೆ ನಿಂತಾಗ್ಲೇ ಅದು ತಿಳಿಯಂಗಿದ್ರೆ ನಾವ್ಯಾಕ್ ಮುಳುಗ್ತಿದ್ವಿ?” ಅಪ್ಪ ಮೂವತ್ತು ವರ್ಷದಿಂದ ಗೊಣಗುತ್ತಿರುವ ಮಾತು ಇದು. ಮಗಳು ಈ ಸಲ ಅದನ್ನೇ ಎರಡು ಪುಟ ಇಂಗ್ಲಿಷಿನಲ್ಲಿ ಬರೆದಳು: ಗೂಡನ್ನು ಕುದಿಸದೆಯೇ, ಅದರ ಎಳೆ ಹೇಗೆ ಬಿಚ್ಚೀತು ಎಂದು ಮೊದಲೇ ತಿಳಿಯಲು ಬರುತ್ತದೆಯೇ? ಬರೆದದ್ದನ್ನು ಕನ್ನಡದಲ್ಲಿ ಅಪ್ಪನಿಗೆ ಓದಿ ಹೇಳಿದಳು. ನೀರಿನ ಕಾವಿನ ವಿಷಯದಲ್ಲಿ ಅಪ್ಪ ಎರಡು ತಪ್ಪು ಹಿಡಿದರು. ಎರಡೂ ತಿದ್ದುಪಡಿಯಾಗಿಯೇ ಅರ್ಜಿ ಹೋಯಿತು.

ಜೊತೆಗೆ ಅಂಕಪಟ್ಟಿ, ಪ್ರೊಫೆಸರ ಶಿಫಾರಸು ಪತ್ರ, ಎದೆಯ ಎಕ್ಸ್‌ರೇ ಸಮೇತ ಡಾಕ್ಟರ ಸರ್ಟಿಫಿಕೇಟು. ಬಸ್‌ ಸ್ಟ್ಯಾಂಡ್ ಬಳಿಯ ಝೆರಾಕ್ಸ್ ಅಂಗಡಿಯವರು ಕೊನೆಯ ಸೆಟ್ಟಿಗೆ ಕಾಸು ತೆಗೆದುಕೊಳ್ಳಲಿಲ್ಲ. “ಹೋಗ್‌ಬಂದು ಕೊಡಮ್ಮ” ಎಂದು ಕಳಿಸಿದರು. ಚೌಕಳಿ ನೋಟ್‌ಬುಕ್ ಮಾರುವ ಅಂಗಡಿಯವರದು ಬೇರೆಯೇ ಕಥೆ. ಈಕೆ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಾಳೆಂದೇ ಅವರು ಇಷ್ಟು ದಿನ ತಿಳಿದಿದ್ದರು.

ನೂಲಿನ ಅಕ್ಷರ

ರಾತ್ರಿ ಒಂಬತ್ತಕ್ಕೆ ಮುದ್ದೆ ಉಂಡು ಮತ್ತೆ ಒಂದು ಗಂಟೆ ಓದು. ಅವ್ವನ ಚಿಂತೆ ಬೇರೆ: ಅಲ್ಲಿ ರಾಗಿ ಸಿಗುತ್ತದಾ? ಜನವರಿಯಲ್ಲಿ ಸೊನ್ನೆಗಿಂತ ಕೆಳಗೆ ಹೋಗುವ ಚಳಿಗೆ ಎಷ್ಟು ಸ್ವೆಟರು ಬೇಕು? ಇಲ್ಲಿ ಒಲೆ ಹೊತ್ತಿಸುವ ಐದು ಗಂಟೆಗೆ ಅಲ್ಲಿ ಎಂಟೂವರೆ ಎಂಬ ಲೆಕ್ಕವನ್ನು ಮಾತ್ರ ಅವರು ಆಗಲೇ ಬಾಯಿಪಾಠ ಮಾಡಿಕೊಂಡಿದ್ದಾರೆ. ಫೋನು ಮಾಡಬೇಕಲ್ಲ!

ಮೊನ್ನೆ ಮಗಳು ಅಪ್ಪನಿಗೊಂದು ಅಕ್ಷರ ತೋರಿಸಿದಳು. ರೇಷ್ಮೆಹುಳಕ್ಕೆ ಜಪಾನಿನವರು ಬರೆಯುವುದು ಮೇಲೆ ‘ಆಕಾಶ’, ಕೆಳಗೆ ‘ಹುಳ’. ಇನ್ನೊಂದು, ನೂಲಿನ ಅಕ್ಷರ. ಓದುವುದು ‘ಇತೊ’ ಎಂದು. ಈ ನೂಲು ಬೇರೆ ಎಷ್ಟೋ ಅಕ್ಷರಗಳ ಎಡಭಾಗದಲ್ಲಿ ಅಂಟಿಕೊಂಡಿರುತ್ತದೆ. ಕಾಗದ ಎಂಬುದರಲ್ಲಿದೆ, ಮುಗಿಯಿತು ಎಂಬುದರಲ್ಲಿದೆ, ಮದುವೆ ಎಂಬ ಪದದ ಮೊದಲ ಅಕ್ಷರದಲ್ಲೂ ಇದೆ.

“ಮದುವೇಲೂ ಅದೆ ಅಂತಾಯ್ತು” ಎಂದು ಅವ್ವ ಅಡಿಗೆಮನೆಯಿಂದಲೇ ಹೇಳಿದರು. ಮಗಳು ಉತ್ತರ ಕೊಡಲಿಲ್ಲ.

ಅಪ್ಪ ಕಲಿತದ್ದು ಅದೊಂದೇ ಪದ. ಈಗ ಮುಂಗಾರು ಹಿಡಿದಿದೆ, ಗೂಡು ಬಿಚ್ಚುತ್ತಿಲ್ಲ. ಬೇಸಿನ್ನಿನಲ್ಲಿ ಎಳೆ ಹರಿದಾಗಲೆಲ್ಲ ಅವರು “ಇತೊ ಹೋಯ್ತು!” ಎಂದು ಕೂಗುತ್ತಾರೆ. ಹೆಂಗಸರು ನಗುತ್ತಾ ಎಳೆ ಹುಡುಕಿ ಮತ್ತೆ ಜೋಡಿಸುತ್ತಾರೆ.

ಯುಗಾದಿಗೆ ಇನ್ನು ಒಂಬತ್ತು ತಿಂಗಳು.