ಮುಂಜಾನೆಯ ಕಟಕಟ ಸದ್ದು: ಇಂಜಿನ್ನಿನ ಬಾಯಾರಿಕೆ

ಸುಗ್ಗಿಯ ದಿನಗಳಲ್ಲಿ ರಾಯಚೂರು ಜಿಲ್ಲೆಯ ಕಲ್ಲೂರಿನಂಥ ಊರುಗಳಿಗೆ ಬೆಳಗಾಗುವುದು ಕೋಳಿಯ ಕೂಗಿನಿಂದಲ್ಲ, ಟ್ರ್ಯಾಕ್ಟರಿನ ಸದ್ದಿನಿಂದ. ಇನ್ನೂ ಮಬ್ಬುಗತ್ತಲು ಇರುವಾಗಲೇ ಅಂಗಳದಲ್ಲಿ ಕೀಲಿ ತಿರುಗುತ್ತದೆ. ಇಂಜಿನ್ ಹತ್ತಿಕೊಂಡ ಕ್ಷಣ 'ಕಟ ಕಟ ಕಟ' ಎಂದು ಒಣ ಸದ್ದು ಬರುತ್ತದೆ. ಮೂರು ನಾಲ್ಕು ಸೆಕೆಂಡು ಕಳೆದ ಮೇಲೆ ಆ ಸದ್ದು ತಾನಾಗಿ ಅಡಗಿ, ಎಂದಿನ ಗಂಭೀರವಾದ 'ಡುಗು ಡುಗು' ಉಳಿಯುತ್ತದೆ.

"ಯಪ್ಪಾ, ದಿನಾ ಮುಂಜಾನೆ ಇದು ಯಾಕ ಹಿಂಗ ಬಡಕೊಳ್ತದ?" ಎಂದು ಪುಸ್ತಕ ಹಿಡಿದು ಕಟ್ಟೆಯ ಮೇಲೆ ಕುಳಿತ ಮಗ ಕೇಳುತ್ತಾನೆ.

"ವಯಸ್ಸಾಗ್ಯಾದಪ್ಪಾ. ಮುಂಜಾನೆ ಎದ್ದಾಗ ನನ್ನ ಮೊಣಕಾಲೂ ಹಂಗ ಅಲ್ಲೇನು?" ಎಂದು ಅಪ್ಪ ನಗುತ್ತಾನೆ.

ಅಪ್ಪನ ಮಾತು ಚಮತ್ಕಾರವಾದದ್ದೇ. ಆದರೆ ಇಂಜಿನ್ನಿಗೆ ಯಾವಾಗಲೂ ಅದು ಸಲ್ಲದು. ಹೊಸ ಇಂಜಿನ್ನಿನಲ್ಲೂ ಈ ಸದ್ದು ಬರಬಹುದು. ಅನೇಕ ಸಲ ಅದರ ಮೂಲ ಇರುವುದು ಇಂಜಿನ್ನಿನ ಮುಪ್ಪಿನಲ್ಲಲ್ಲ, ಡಬ್ಬಿಯಂಥ ಆಯಿಲ್ ಫಿಲ್ಟರಿನ ಒಳಗಿರುವ ಒಂದು ರಬ್ಬರ್ ಬಿಲ್ಲೆಯಲ್ಲಿ. ಬ್ಯಾಂಕಿನ ಕಂತು, ಮಕ್ಕಳ ಕಾಲೇಜಿನ ಫೀಜು ಎರಡನ್ನೂ ಒಂದೇ ಟ್ರ್ಯಾಕ್ಟರಿನ ದುಡಿಮೆಯಿಂದ ತೂಗಿಸಬೇಕಾದ ಮನೆಗೆ, ಇಂಜಿನ್ 'ಬೋರಿಗೆ ಬಂತು' ಎಂಬ ಮಾತಿಗಿಂತ ದೊಡ್ಡ ಆಘಾತ ಬೇರೆ ಇಲ್ಲ. ಆದ್ದರಿಂದ ಆ ಬಿಲ್ಲೆಯ ವಿಚಾರ ತಿಳಿಯುವುದು ಲಾಭದಾಯಕ.

ಕೀಲೆಣ್ಣೆಯಿಂದ ಕಾಲುವೆಯವರೆಗೆ

ಎತ್ತಿನ ಬಂಡಿಯ ಕಾಲದಲ್ಲಿ ಅಚ್ಚಿಗೆ ಕೀಲೆಣ್ಣೆ ಹಾಕದೆ ಯಾರೂ ದೂರದ ಪ್ರಯಾಣ ಹೊರಡುತ್ತಿರಲಿಲ್ಲ. ಎಣ್ಣೆ ಇಲ್ಲದಿದ್ದರೆ ಗಾಲಿ ಕಿರುಗುಟ್ಟುತ್ತಿತ್ತು, ಅಚ್ಚು ಸವೆಯುತ್ತಿತ್ತು. ಇಂಜಿನ್ನಿನಲ್ಲೂ ತತ್ವ ಅದೇ. ಆದರೆ ಅಲ್ಲಿ ಎಣ್ಣೆಯನ್ನು ಕೈಯಿಂದ ಹಾಕುವವರು ಯಾರೂ ಇಲ್ಲ. ಮೆಕ್ಯಾನಿಕ್‌ಗಳು 'ಚೇಂಬರ್' ಎಂದು ಕರೆಯುವ ತಳದ ತೊಟ್ಟಿಯಲ್ಲಿ ಎಣ್ಣೆ ನಿಂತಿರುತ್ತದೆ. ಇಂಜಿನ್ನಿನಿಂದಲೇ ತಿರುಗುವ ಪಂಪು ಅದನ್ನು ಹೀರಿ ಫಿಲ್ಟರಿಗೆ ನೂಕುತ್ತದೆ. ಫಿಲ್ಟರಿನಲ್ಲಿ ಶೋಧಿಸಲ್ಪಟ್ಟ ಎಣ್ಣೆ ಮುಖ್ಯ ಕಾಲುವೆಯಂಥ ಒಂದು ದಾರಿಗೆ ಬಂದು, ಅಲ್ಲಿಂದ ಕವಲೊಡೆದು ಕ್ರ್ಯಾಂಕ್ ಶಾಫ್ಟಿನ ಬೇರಿಂಗುಗಳಿಗೂ ಮೇಲಿನ ವಾಲ್ವುಗಳಿಗೂ ತಲಪುತ್ತದೆ. ಕೆಲಸ ಮುಗಿಸಿದ ಎಣ್ಣೆ ಮತ್ತೆ ಚೇಂಬರಿಗೆ ಇಳಿಯುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಂಚಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಲುವೆ ಒಣಗಿದ ಮೇಲೆ ಮತ್ತೆ ನೀರು ಬಿಟ್ಟರೆ ಅದು ಕೊನೆಯ ಹೊಲಕ್ಕೆ ತಲಪಲು ಹೊತ್ತು ಹಿಡಿಯುತ್ತದೆ. ಕಾಲುವೆ ಮೊದಲೇ ತುಂಬಿದ್ದರೆ ಆ ಕಾಯುವಿಕೆ ಇರುವುದಿಲ್ಲ. ಇಂಜಿನ್ನಿನಲ್ಲಿ ಕೊನೆಯಂಚಿನ ಹೊಲವೆಂದರೆ ಪಂಪಿನಿಂದ ದೂರವಿರುವ ವಾಲ್ವುಗಳ ಭಾಗ. ಮುಂಜಾನೆಯ ಸದ್ದು ಅನೇಕ ವೇಳೆ ಹೊರಡುವುದು ಅಲ್ಲಿಂದಲೇ.

ಮರದ ಬಿರಡೆ ಹೇಳಿದ ಸತ್ಯ

ಎಣ್ಣೆ ಲೋಹವನ್ನು ಹೇಗೆ ಕಾಯುತ್ತದೆ ಎಂಬುದು ತಿಳಿದುಬಂದ ಕತೆ ಸ್ವಾರಸ್ಯಕರವಾಗಿದೆ. 1883ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬೀಚಂ ಟವರ್ ಎಂಬ ಇಂಜಿನಿಯರ್ ರೈಲು ಗಾಲಿಯ ಅಚ್ಚಿನ ಬೇರಿಂಗುಗಳ ಮೇಲೆ ಪ್ರಯೋಗ ನಡೆಸುತ್ತಿದ್ದ. ಎಣ್ಣೆ ಹಾಕಲೆಂದು ಬೇರಿಂಗಿನ ನೆತ್ತಿಯಲ್ಲಿ ಅವನೊಂದು ರಂಧ್ರ ಕೊರೆದ. ಅಚ್ಚು ತಿರುಗತೊಡಗಿದಾಗ ಎಣ್ಣೆ ಒಳಗೆ ಹೋಗುವ ಬದಲು ಅದೇ ರಂಧ್ರದಿಂದ ಹೊರಗೆ ಉಕ್ಕಿತು! ಬಿರಡೆ ಜಡಿದರೂ ನಿಲ್ಲಲಿಲ್ಲ. ಮರದ ಬಿರಡೆಯನ್ನೂ ಎಣ್ಣೆ ಮೆಲ್ಲಗೆ ಹೊರಗೆ ತಳ್ಳಿತು. ಕೊನೆಗೆ ಒತ್ತಡಮಾಪಕ ಜೋಡಿಸಿ ನೋಡಿದರೆ, ಬೇರಿಂಗಿನ ಮೇಲೆ ಹೇರಿದ್ದ ಭಾರದ ಸರಾಸರಿ ಒತ್ತಡಕ್ಕಿಂತ ಸುಮಾರು ಎರಡು ಪಟ್ಟು ಒತ್ತಡ ಆ ಎಣ್ಣೆಯಲ್ಲಿತ್ತು.

ಇದರ ಅರ್ಥವೇನು? ತಿರುಗುವ ಶಾಫ್ಟು ಎಣ್ಣೆಯನ್ನು ತನ್ನ ಅಡಿಗೆ ಎಳೆದುಕೊಂಡು, ಬೆಣೆಯಂತೆ ತೂರಿಸಿಕೊಂಡು, ಅದರ ಮೇಲೆ ತೇಲುತ್ತದೆ. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಇದನ್ನು ಗಣಿತದ ಸಮೀಕರಣದ ಮೂಲಕ ವಿವರಿಸಿದರು. ದ್ರವಗಳ ಪಾಠದಲ್ಲಿ ಬರುವ 'ರೆನಾಲ್ಡ್ಸ್ ಸಂಖ್ಯೆ' ಇದೇ ವಿಜ್ಞಾನಿಯ ಹೆಸರಿನದು. ಎಣ್ಣೆಯ ಈ ಪೊರೆ ತಲೆಗೂದಲಿಗಿಂತಲೂ ತೆಳುವಾದದ್ದು. ಆದರೂ ಅದು ಇರುವಷ್ಟು ಹೊತ್ತು ಲೋಹಕ್ಕೆ ಲೋಹ ತಗಲುವುದಿಲ್ಲ.

ಇಂಜಿನ್ ನಿಂತಾಗ ಈ ಪೊರೆಯೂ ಕುಸಿಯುತ್ತದೆ. ಮತ್ತೆ ತಿರುಗಿದಾಗ ಪೊರೆ ಏಳಬೇಕಾದರೆ ಅಲ್ಲಿ ಎಣ್ಣೆ ಸಿದ್ಧವಿರಬೇಕು. ಇಲ್ಲದಿದ್ದರೆ ಹಿಂದಿನ ದಿನ ಅಂಟಿಕೊಂಡ ಎಣ್ಣೆಯ ಪಸೆಯೇ ಗತಿ. ಒಂದು ದಿನದ ಒಣ ಚಾಲನೆಯಿಂದ ಇಂಜಿನ್ ಕೆಡುವುದಿಲ್ಲ. ದಿನವೂ, ವರ್ಷಗಟ್ಟಲೆ ಹೀಗೇ ನಡೆದರೆ ಸವೆತ ಕೂಡುತ್ತಾ ಹೋಗುತ್ತದೆ.

ಶಕ್ತಿನಗರದ ಶಾಖೋತ್ಪನ್ನ ಸ್ಥಾವರದಂಥ ಕಡೆಗಳಲ್ಲಿ ವಿದ್ಯುತ್ ಉತ್ಪಾದಿಸುವ ದೈತ್ಯ ಟರ್ಬೈನುಗಳ ವಿಷಯದಲ್ಲಿ ಇಂಥ ಅಪಾಯಕ್ಕೆ ಎಡೆಗೊಡುವುದಿಲ್ಲ. ಶಾಫ್ಟು ತಿರುಗುವ ಮೊದಲೇ ಬೇರೆ ಪಂಪೊಂದು ಬೇರಿಂಗಿಗೆ ಎಣ್ಣೆ ಉಣಿಸಿರುತ್ತದೆ. ಟ್ರ್ಯಾಕ್ಟರು, ಕಾರುಗಳಲ್ಲಿ ಸಾಮಾನ್ಯವಾಗಿ ಅಂಥ ಏರ್ಪಾಡಿಲ್ಲ. ಇಂಜಿನ್ ತಿರುಗಿದರೆ ತಾನೇ ಪಂಪು ತಿರುಗುವುದು! ಹೀಗಾಗಿ ರಾತ್ರಿಯಿಡೀ ಎಣ್ಣೆಯನ್ನು ಮೇಲೆಯೇ ತಡೆದು ನಿಲ್ಲಿಸಬೇಕು.

ಬಾವಿಯ ಫುಟ್‌ವಾಲ್ವ್, ಫಿಲ್ಟರಿನ ಬಿಲ್ಲೆ

ಬಾವಿಯ ಪಂಪುಸೆಟ್ಟು ನೋಡಿದ ಪ್ರತಿಯೊಬ್ಬ ಹುಡುಗನಿಗೂ ಫುಟ್‌ವಾಲ್ವ್ ಗೊತ್ತು. ಪೈಪಿನ ಬುಡದಲ್ಲಿರುವ ಆ ಕವಾಟ ನೀರನ್ನು ಮೇಲಕ್ಕೆ ಬಿಡುತ್ತದೆ, ಕೆಳಕ್ಕೆ ಬಿಡುವುದಿಲ್ಲ. ಅದು ಸೋರಿದರೆ ರಾತ್ರಿ ಪೈಪು ಬರಿದಾಗಿ, ಮರುದಿನ ಬಿಂದಿಗೆಗಟ್ಟಲೆ ನೀರು ಸುರಿಯದೆ ಪಂಪು ನೀರೆತ್ತುವುದಿಲ್ಲ.

ಫಿಲ್ಟರಿನ ರಬ್ಬರ್ ಬಿಲ್ಲೆ ಮಾಡುವುದೂ ಅದೇ ಕೆಲಸವನ್ನು. ಫಿಲ್ಟರಿನ ಬಾಯಿಯಲ್ಲಿ ಸುತ್ತಲೂ ಸಣ್ಣ ರಂಧ್ರಗಳು, ನಡುವೆ ಮರೆ ಇರುವ ದೊಡ್ಡ ರಂಧ್ರ ಇರುತ್ತವೆ. ಎಣ್ಣೆ ಸುತ್ತಲಿನ ರಂಧ್ರಗಳಿಂದ ಒಳನುಗ್ಗಿ, ಬಿಲ್ಲೆಯನ್ನು ತಳ್ಳಿಕೊಂಡು, ಮಡಿಕೆ ಮಡಿಕೆಯಾದ ಕಾಗದದಲ್ಲಿ ಶೋಧಗೊಂಡು ನಡುವಿನ ರಂಧ್ರದಿಂದ ಹೊರಡುತ್ತದೆ. ಇಂಜಿನ್ ನಿಂತೊಡನೆ ಬಿಲ್ಲೆ ಹಿಂದಕ್ಕೆ ಬಂದು ರಂಧ್ರಗಳನ್ನು ಮುಚ್ಚುತ್ತದೆ; ಎಣ್ಣೆ ಪಂಪಿನ ಕಡೆಗೆ ಮರಳದು.

ಇದರ ತತ್ವವನ್ನು ಮನೆಯಲ್ಲೇ ನೋಡಬಹುದು. ಪಾರದರ್ಶಕ ಸ್ಟ್ರಾ ಒಂದನ್ನು ನೀರಿನಲ್ಲಿ ಅದ್ದಿ, ಮೇಲ್ತುದಿಯನ್ನು ಬೆರಳಿನಿಂದ ಮುಚ್ಚಿ ಎತ್ತಬೇಕು. ನೀರು ಬೀಳುವುದಿಲ್ಲ. ಬೆರಳು ಸಡಿಲಿಸಿದರೆ ಗಾಳಿ ಹೊಕ್ಕು ನೀರು ಸುರಿಯುತ್ತದೆ. ಇಂಜಿನ್ನಿನಲ್ಲೂ ಹಾಗೆಯೇ: ಬೇರಿಂಗುಗಳ ಸಂದಿನಿಂದ ಗಾಳಿ ಒಳಬರಲು ದಾರಿ ಇದ್ದೇ ಇರುತ್ತದೆ; ಕೆಳಗಿನ ದಾರಿಯನ್ನು ಬಿಲ್ಲೆ ಮುಚ್ಚದಿದ್ದರೆ ಎಣ್ಣೆ ಇಳಿದುಹೋಗುತ್ತದೆ.

ಇಂಜಿನ್ ಎಣ್ಣೆಗೆ ಫಿಲ್ಟರ್ ಬಂದದ್ದೇ 1923ರಲ್ಲಿ, ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ಷ್ ಅವರಿಂದ. ಮುಚ್ಚಳದಂತೆ ತಿರುಗಿಸಿ ಕೂಡಿಸುವ ಇಂದಿನ ಡಬ್ಬಿ ಫಿಲ್ಟರ್ ರೂಢಿಗೆ ಬಂದದ್ದು 1950ರ ದಶಕದ ನಂತರ.

ಆರಿಸುವುದು ಹೇಗೆ?

ಮೊದಲು ನೋಡಬೇಕಾದ್ದು ಅಂಗಡಿಯನ್ನಲ್ಲ, ಇಂಜಿನ್ನನ್ನು. ಫಿಲ್ಟರ್ ಬಾಯಿ ಮೇಲಾಗಿ ತಂಬಿಗೆಯಂತೆ ತೂಗುತ್ತಿದ್ದರೆ ಅದರೊಳಗಿನ ಎಣ್ಣೆ ಗುರುತ್ವದಿಂದಲೇ ನಿಲ್ಲುತ್ತದೆ. ಅಡ್ಡವಾಗಿಯೋ ಬೋರಲಾಗಿಯೋ ಇದ್ದರೆ ಬಿಲ್ಲೆ ಗಟ್ಟಿಯಾಗಿ ಮುಚ್ಚುವುದು ಅತ್ಯಗತ್ಯ. ಕೆಲವು ಇಂಜಿನ್ನುಗಳಲ್ಲಿ ಈ ಕವಾಟ ಫಿಲ್ಟರಿನಲ್ಲಿರದೆ ಅದನ್ನು ಕೂಡಿಸುವ ಭಾಗದಲ್ಲಿರುತ್ತದೆ.

ಎರಡನೆಯದು, ಕೈಪಿಡಿಯಲ್ಲಿ ಹೇಳಿದ ಪಾರ್ಟ್ ನಂಬರು. ಮರೆ ಕೂಡಿತೆಂದ ಮಾತ್ರಕ್ಕೆ ಫಿಲ್ಟರ್ ಕೂಡಿತೆಂದಲ್ಲ. ಹೊರಗಿನಿಂದ ಅವಳಿಗಳಂತೆ ಕಾಣುವ ಎರಡು ಡಬ್ಬಿಗಳಲ್ಲಿ ಒಂದರಲ್ಲಿ ಬಿಲ್ಲೆ ಇದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಕಾಗದ ಕಟ್ಟಿಕೊಂಡಾಗ ಎಣ್ಣೆಗೆ ಅಡ್ಡದಾರಿ ತೆರೆಯುವ ಬೈಪಾಸ್ ವಾಲ್ವಿನ ಒತ್ತಡವೂ ಬೇರೆಯಾಗಿರಬಹುದು.

ಮೂರನೆಯದು ರಬ್ಬರಿನ ಜಾತಿ. ಸುತ್ತಲಿನ ರಂಧ್ರದಲ್ಲಿ ಇಣುಕಿದರೆ ಬಿಲ್ಲೆ ಕಾಣುತ್ತದೆ. ಸಾಮಾನ್ಯವಾಗಿ ಕಪ್ಪಗಿರುವುದು ನೈಟ್ರೈಲ್ ರಬ್ಬರು, ಕಿತ್ತಳೆ ಬಣ್ಣದ್ದು ಸಿಲಿಕೋನ್. ಬಹಳ ದಿನ ಕಾವು ತಿಂದ ನೈಟ್ರೈಲ್ ಗಡುಸಾಗಿ ಸರಿಯಾಗಿ ಮುಚ್ಚದಿರಬಹುದು. ಸಿಲಿಕೋನ್ ಹೆಚ್ಚು ಕಾಲ ಮೃದುವಾಗಿರುತ್ತದೆ. ಬಣ್ಣವೊಂದನ್ನೇ ನಂಬದೆ ತಯಾರಕರ ವಿವರ ಓದುವುದು ಒಳ್ಳೆಯದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು ಸೀಮೆಯಲ್ಲಿ, ಅಡ್ಡ ಕೂಡುವ ಫಿಲ್ಟರಿಗೆ ಸಿಲಿಕೋನ್ ಬಿಲ್ಲೆ ದೊರೆತರೆ ತುಸು ಹೆಚ್ಚು ಬೆಲೆ ಕೊಡುವುದು ನಷ್ಟವಲ್ಲ.

ನಾಲ್ಕನೆಯದು ಕೂಡಿಸುವ ಕ್ರಮ. ಹಳೆಯ ರಬ್ಬರ್ ಉಂಗುರ ಇಂಜಿನ್ನಿಗೆ ಅಂಟಿಕೊಂಡು ಉಳಿದಿಲ್ಲವೆಂದು ನೋಡಬೇಕು. ಅದರ ಮೇಲೆಯೇ ಹೊಸದನ್ನು ಕೂಡಿಸಿದರೆ ಎಣ್ಣೆಯೆಲ್ಲ ಹೊರಚೆಲ್ಲಬಹುದು. ಹೊಸ ಉಂಗುರಕ್ಕೆ ಬೆರಳಿನಿಂದ ಎಣ್ಣೆ ಸವರಿ, ಡಬ್ಬಿಯ ಮೇಲೆ ಬರೆದಷ್ಟೇ ಸುತ್ತು ಕೈಯಿಂದ ಬಿಗಿಯಬೇಕು. ಅಸಲಿ ಮಾಲೆಂದು ಖಾತ್ರಿಯಾಗಲು ರಸೀದಿ ಪಡೆಯುವುದೇ ಲೇಸು.

ಎಲ್ಲ ಸದ್ದಿಗೂ ಫಿಲ್ಟರ್ ಕಾರಣವಲ್ಲ

ಜ್ವರ ಬಂದವರಿಗೆಲ್ಲ ಒಂದೇ ಮಾತ್ರೆ ಕೊಡಲಾಗದು. ಎಣ್ಣೆಯ ಮಟ್ಟ ಇಳಿದಿದ್ದರೂ, ದರ್ಜೆ ತಪ್ಪಿದ್ದರೂ, ಪಂಪು ಅಥವಾ ಬೇರಿಂಗು ಸವೆದಿದ್ದರೂ ಸದ್ದು ಬರುತ್ತದೆ. ಗುರುತಿಸುವ ಉಪಾಯ ಸರಳವಾಗಿದೆ. ರಾತ್ರಿಯಿಡೀ ನಿಂತ ಇಂಜಿನ್ನನ್ನು ಚಾಲು ಮಾಡಿ, ಎಣ್ಣೆಯ ಕೆಂಪು ದೀಪ ಆರಲು ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದಿಡಬೇಕು. ಒಂದು ವಾರ ಹೀಗೆ ಮಾಡಿ, ಫಿಲ್ಟರ್ ಬದಲಿಸಿದ ಮೇಲೆ ಇನ್ನೊಂದು ವಾರ ಬರೆದು ಹೋಲಿಸಬೇಕು. ಹೊಸ ಫಿಲ್ಟರ್ ತುಂಬಿಕೊಳ್ಳುವ ಮೊದಲ ಚಾಲನೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ದೀಪ ಬೇಗ ಆರಿ, ಸದ್ದೂ ನಿಂತರೆ ದೋಷ ಹಳೆಯ ಫಿಲ್ಟರಿನದೇ ಎನ್ನಬಹುದು. ದೀಪ ಆರದೇ ಇದ್ದರೆ, ಅಥವಾ ಇಂಜಿನ್ ಕಾದ ಮೇಲೂ ಸದ್ದು ಉಳಿದರೆ, ಆ ಕ್ಷಣವೇ ನಿಲ್ಲಿಸಿ ಮೆಕ್ಯಾನಿಕ್‌ಗೆ ತೋರಿಸಬೇಕು.

ಇನ್ನೊಂದು ಮಾತು. ಇಂಜಿನ್ ಹತ್ತಿದೊಡನೆ 'ಬಿಸಿಯಾಗಲಿ' ಎಂದು ಎಕ್ಸಿಲೇಟರ್ ಜೋರಾಗಿ ಒತ್ತುವ ಅಭ್ಯಾಸ ಅನೇಕರಲ್ಲಿದೆ. ಎಣ್ಣೆ ತಲಪದ ಕೀಲುಗಳನ್ನು ಇದು ಇನ್ನಷ್ಟು ಉಜ್ಜುತ್ತದೆ. ಟರ್ಬೊ ಇರುವ ಇಂಜಿನ್ನಿನಲ್ಲಂತೂ ನಿಮಿಷಕ್ಕೆ ಲಕ್ಷ ಸುತ್ತು ದಾಟಬಲ್ಲ ಶಾಫ್ಟು ಅದೇ ಎಣ್ಣೆಯನ್ನು ನಂಬಿರುತ್ತದೆ. ಅರ್ಧ ನಿಮಿಷ ಸುಮ್ಮನೆ ಓಡಗೊಟ್ಟರೆ ಕಳೆದುಕೊಳ್ಳುವುದು ಏನೂ ಇಲ್ಲ.

ಗುರುತ್ವ, ವಾಯುವಿನ ಒತ್ತಡ, ಸ್ನಿಗ್ಧತೆ, ಘರ್ಷಣೆ: ಪರೀಕ್ಷೆಗೆಂದು ಬಾಯಿಪಾಠ ಮಾಡುವ ಈ ನಾಲ್ಕು ಪಾಠಗಳೂ ಅಂಗಳದ ಟ್ರ್ಯಾಕ್ಟರಿನಲ್ಲಿ ದಿನವೂ ಮೂರು ಸೆಕೆಂಡು ಸದ್ದು ಮಾಡುತ್ತವೆ. ಕಟ್ಟೆಯ ಮೇಲೆ ಕುಳಿತ ಹುಡುಗ ಗಡಿಯಾರ ಹಿಡಿದು ಆ ಸೆಕೆಂಡುಗಳನ್ನು ಎಣಿಸಿದರೆ, ಅಪ್ಪನ ಟ್ರ್ಯಾಕ್ಟರಿಗೆ ಅವನೇ ಮೊದಲ ವೈದ್ಯ. ಮಗ ಹೇಳುವ ಲೆಕ್ಕವನ್ನು ಅಪ್ಪ ನಕ್ಕು ತಳ್ಳಿಹಾಕದೆ ಕೇಳಿಸಿಕೊಂಡರೆ ಇಂಜಿನ್ನೂ ಉಳಿದೀತು, ಹುಡುಗನ ಓದಿನ ಮೇಲಿನ ಆಸೆಯೂ ಉಳಿದೀತು.