ಎರಡನೆಯ ಕವಚದೊಳಗಿನ ಸ್ಪೆಕ್ಟ್ರಮ್

ಇಂಗ್ಲೆಂಡಿನ ಕೇಂಬ್ರಿಜ್ ನಗರದ ಸಿಂಕ್ಲೇರ್ ರಿಸರ್ಚ್ ಸಂಸ್ಥೆಯು 1982ರ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಕಂಪ್ಯೂಟರು, ಮನೆಯ ಟೆಲಿವಿಷನ್ನಿಗೆ ಜೋಡಿಸಿ ಬಳಸಬಹುದಾದ, ಬಣ್ಣದ ಚಿತ್ರ ಮೂಡಿಸಬಲ್ಲ ಯಂತ್ರವೊಂದನ್ನು ಬ್ರಿಟನ್ನಿನ ಸಾಮಾನ್ಯ ಕುಟುಂಬಗಳ ಕೈಗೆಟುಕುವಂತೆ ಮಾಡಿತು. 16 ಕಿಲೋಬೈಟ್ ಮೆಮೊರಿಯ ಮಾದರಿಗೆ 125 ಪೌಂಡ್, 48 ಕಿಲೋಬೈಟ್ ಮಾದರಿಗೆ 175 ಪೌಂಡ್ ಎಂಬ ಆರಂಭದ ಬೆಲೆಯನ್ನು ಸಾಧಿಸಲು ಸಂಸ್ಥೆಯು ಹಲವು ಕಡೆ ವೆಚ್ಚಕ್ಕೆ ಕಡಿವಾಣ ಹಾಕಿತ್ತು. ಅದು ಬಳಸುವವರ ಬೆರಳಿಗೆ ನೇರವಾಗಿ ತಾಗುತ್ತಿದ್ದುದು ಕೀಲಿಮಣೆಯಲ್ಲಿ. ರಿಕ್ ಡಿಕಿನ್ಸನ್ ರೂಪಿಸಿದ ಪುಟ್ಟ ಕಪ್ಪು ಕವಚದಲ್ಲಿ 40 ಕೀಲಿಗಳೂ ಒಂದೇ ರಬ್ಬರ್ ಹಾಳೆಯ ಉಬ್ಬುಗಳಾಗಿದ್ದವು; ಅದರ ಕೆಳಗೆ ವಾಹಕ ಲೇಪನವುಳ್ಳ ಎರಡು ತೆಳು ಪ್ಲಾಸ್ಟಿಕ್ ಪದರಗಳು ಒಂದಕ್ಕೊಂದು ತಾಗದಂತೆ ಕುಳಿತಿದ್ದು, ಒತ್ತಿದ ಜಾಗದಲ್ಲಿ ಮಾತ್ರ ಕೂಡಿಕೊಂಡು ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತಿದ್ದವು. ಮೆಂಬ್ರೇನ್ ಎಂದು ಕರೆಯಲಾಗುವ ಈ ಏರ್ಪಾಡು ಅಗ್ಗವಾದುದು, ಬಿಡಿಭಾಗಗಳೂ ಕಡಿಮೆ. ಆದರೆ ಕೀಲಿ ಒತ್ತಿತೋ ಇಲ್ಲವೋ ಎಂಬುದು ಬೆರಳಿಗೆ ಸ್ಪಷ್ಟವಾಗಿ ತಿಳಿಯದ ಕಾರಣ, ಉದ್ದನೆಯ ಪ್ರೋಗ್ರಾಮನ್ನೋ ಪತ್ರವನ್ನೋ ಟೈಪ್ ಮಾಡುವುದು ದಣಿವಿನ ಕೆಲಸವಾಗಿತ್ತು.

ಈ ಕೊರತೆಯೇ ಒಂದು ಚಿಕ್ಕ ಉದ್ಯಮಕ್ಕೆ ಎಡೆಮಾಡಿಕೊಟ್ಟಿತು. ಲಿವರ್‌ಪೂಲಿನ ಫುಲ್ಲರ್, ಎಸೆಕ್ಸ್ ಪ್ರಾಂತ್ಯದ ಸ್ಯಾಫ್ರನ್ ವಾಲ್ಡನ್ ಊರಿನ ಡಿಕೆಟ್ರಾನಿಕ್ಸ್, ಸಾಗಾ ಸಿಸ್ಟಮ್ಸ್ ಮೊದಲಾದ ಸಂಸ್ಥೆಗಳು ಟೈಪ್‌ರೈಟರಿನಂತೆ ಆಳಕ್ಕೆ ಇಳಿದು ಮೇಲೇಳುವ ಕೀಲಿಗಳುಳ್ಳ ದೊಡ್ಡ ಕವಚಗಳನ್ನು ಮಾರತೊಡಗಿದವು. ಅದನ್ನು ಕೊಂಡವರು ತಮ್ಮ ಕಂಪ್ಯೂಟರಿನ ತಳದ ಸ್ಕ್ರೂಗಳನ್ನು ಬಿಚ್ಚಿ, ಸರ್ಕಿಟ್ ಬೋರ್ಡನ್ನು ಹೊರತೆಗೆದು ಹೊಸ ಕವಚದೊಳಗೆ ಕೂರಿಸಿ, ಹೊಸ ಕೀಲಿಮಣೆಯ ತಂತಿಗಳನ್ನು ಬೋರ್ಡಿನ ಹಳೆಯ ಸಾಕೆಟ್ಟುಗಳಿಗೇ ಸಿಕ್ಕಿಸುತ್ತಿದ್ದರು. 1984ರಲ್ಲಿ ಸಿಂಕ್ಲೇರ್ ಸಂಸ್ಥೆಯೇ ಗಟ್ಟಿ ಕೀಲಿಗಳ ಸ್ಪೆಕ್ಟ್ರಮ್ ಪ್ಲಸ್ ಮಾದರಿಯನ್ನು ಹೊರತಂದು, ಹಳೆಯ ಬೋರ್ಡನ್ನು ಅದರ ಕವಚಕ್ಕೆ ವರ್ಗಾಯಿಸುವ ಕಿಟ್ಟನ್ನೂ ಮಾರಿತು. ಹೊರಗಿನವರ ಕವಚಗಳ ಅಗತ್ಯ ಕ್ರಮೇಣ ಇಲ್ಲವಾಯಿತು. ಭಾರತದಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಪರವಾನಗಿ ಪಡೆದು ಮಾರಿದ್ದೂ ಈ ಪ್ಲಸ್ ಮಾದರಿಯನ್ನೇ.

ಇಂತಹ ಬದಲಿ ಕವಚದಲ್ಲಿರುವ ಯಂತ್ರವೊಂದು ದುರಸ್ತಿಗೆ ಬಂದಾಗ, ಅದನ್ನು ಕಾರ್ಖಾನೆಯಿಂದ ಹೊರಬಿದ್ದ ರೂಪಕ್ಕೆ ಮರಳಿಸಬೇಕೆ ಅಥವಾ ಒಡೆಯರು ಬಳಸಿದ ರೂಪದಲ್ಲೇ ಉಳಿಸಬೇಕೆ ಎಂಬುದನ್ನು ಮೊದಲು ನಿರ್ಧರಿಸಬೇಕಾಗುತ್ತದೆ. ರಬ್ಬರ್ ಕೀಲಿಗಳ ಕವಚವೂ ಮೆಂಬ್ರೇನೂ ಈಗ ಹೊಸದಾಗಿ ತಯಾರಾಗಿ ಸಿಗುವುದರಿಂದ ಮೊದಲನೆಯ ದಾರಿ ಸುಲಭವಾದುದು. ಆದರೆ ಮೂಲರೂಪದ ಸ್ಪೆಕ್ಟ್ರಮ್‌ಗಳು ಇಂದಿಗೂ ಧಾರಾಳವಾಗಿ ಉಳಿದಿರುವಾಗ, ಬದಲಿ ಕವಚದ ಯಂತ್ರವನ್ನು ಬಿಚ್ಚಿ ಇನ್ನೊಂದು ಮೂಲರೂಪವನ್ನು ಸೃಷ್ಟಿಸುವುದರಿಂದ ಚರಿತ್ರೆಗೆ ದೊರೆಯುವುದು ಏನೂ ಇಲ್ಲ, ಕಳೆದುಹೋಗುವುದು ಬಹಳ. ತಯಾರಕರು ಕೊಟ್ಟದ್ದು ತಮಗೆ ಸಾಲದೆಂದು ಕಂಡ ಬಳಕೆದಾರರು ಏನು ಮಾಡಿದರು ಎಂಬುದಕ್ಕೆ ಈ ಕವಚವೇ ಪ್ರತ್ಯಕ್ಷ ಸಾಕ್ಷಿ. ಆದ್ದರಿಂದ ಅದನ್ನು ಯಂತ್ರದ ಅಂಗವೆಂದೇ ಎಣಿಸಿ, ಮುಂದೆ ಯಾರಾದರೂ ಹಿಂದಕ್ಕೆ ತಿರುಗಿಸಬಹುದಾದ ಬದಲಾವಣೆಗಳನ್ನಷ್ಟೇ ಮಾಡುತ್ತ ದುರಸ್ತಿ ನಡೆಸುವುದು ಸರಿಯಾದ ಕ್ರಮ.

ವಿದ್ಯುತ್ ಹಾಯಿಸುವ ಮುನ್ನವೇ ಮಾಡಬೇಕಾದ ಪರೀಕ್ಷೆಗಳು ಹಲವಿವೆ. ದೊಡ್ಡ ಕವಚದಲ್ಲಿ ಖಾಲಿ ಜಾಗವಿರುವುದರಿಂದ ಹಿಂದಿನ ಒಡೆಯರು ವಿದ್ಯುತ್ ಅಡಾಪ್ಟರನ್ನೂ ಅದರೊಳಗೇ ಸೇರಿಸಿರುವ ಸಾಧ್ಯತೆಯಿದ್ದು, ಹಾಗಿದ್ದರೆ ಮನೆಯ ಲೈನಿನ ಪೂರ್ಣ ವೋಲ್ಟೇಜು ತೆರೆದ ತಂತಿಗಳಲ್ಲಿ ಇರುತ್ತದೆ; ಅದನ್ನು ಬೇರ್ಪಡಿಸದೆ ಮುಂದುವರಿಯುವುದು ಪ್ರಾಣಾಪಾಯದ ಕೆಲಸ. ಹೊರಗಿನ ಅಡಾಪ್ಟರು ಬಳಸುವಾಗಲೂ ಎಚ್ಚರ ಬೇಕು. ಸ್ಪೆಕ್ಟ್ರಮ್‌ಗೆ ಬೇಕಾದುದು 9 ವೋಲ್ಟಿನ ಏಕಮುಖ ವಿದ್ಯುತ್ತು. ಅದರ ಪ್ಲಗ್ಗಿನ ನಡುವಿನ ತೂತು ಋಣ ಧ್ರುವವಾಗಿರುತ್ತದೆ, ಇಂದಿನ ಬಹುತೇಕ ಅಡಾಪ್ಟರುಗಳಲ್ಲಿ ಅದು ಧನ ಧ್ರುವ. ಆಕಾರ ಹೊಂದಿತೆಂದು ಯಾವುದೋ ಅಡಾಪ್ಟರನ್ನು ಸಿಕ್ಕಿಸಿದರೆ ನಲವತ್ತು ವರ್ಷ ಬದುಕಿದ ಯಂತ್ರ ಕ್ಷಣಾರ್ಧದಲ್ಲಿ ಸುಟ್ಟುಹೋಗಬಹುದು.

ಸ್ಪೆಕ್ಟ್ರಮ್ ದುರಸ್ತಿಯ ತಿರುಳಿರುವುದು ಮೆಮೊರಿ ಚಿಪ್ಪುಗಳಲ್ಲಿ. ಮೊದಲ 16 ಕಿಲೋಬೈಟುಗಳಿಗೆ 4116 ಎಂಬ ಸಂಖ್ಯೆಯ ಎಂಟು ಚಿಪ್ಪುಗಳಿದ್ದು, ಒಂದೊಂದರಲ್ಲೂ 16,384 ಕೋಶಗಳಿರುತ್ತವೆ. ಒಂದು ಬೈಟಿನಲ್ಲಿ ಎಂಟು ಬಿಟ್‌ಗಳು, ಅಂದರೆ ಸೊನ್ನೆ ಅಥವಾ ಒಂದು ಎಂಬ ಎಂಟು ಅಂಕಗಳಿರುವುದರಿಂದ, ಪ್ರತಿ ಬೈಟಿನ ಒಂದೊಂದು ಬಿಟ್ಟನ್ನು ಒಂದೊಂದು ಚಿಪ್ಪು ಹೊತ್ತಿರುತ್ತದೆ. ಕೋಶವೆಂದರೆ ಅತಿ ಸೂಕ್ಷ್ಮವಾದ ಕೆಪಾಸಿಟರು, ವಿದ್ಯುದಾವೇಶವನ್ನು ಹಿಡಿದಿಡುವ ಸಾಧನ; ತಳ ಸೋರುವ ಕೊಡಕ್ಕೆ ಮತ್ತೆ ಮತ್ತೆ ನೀರು ಹಾಕಬೇಕಾಗುವಂತೆ, ಪ್ರತಿ ಕೋಶವನ್ನೂ 2 ಮಿಲಿಸೆಕೆಂಡಿಗೊಮ್ಮೆಯಾದರೂ ಓದಿ ಮರುತುಂಬದಿದ್ದರೆ ಅದರಲ್ಲಿದ್ದ ಮಾಹಿತಿ ಅಳಿಸಿಹೋಗುತ್ತದೆ. ಈ ಬಗೆಯದಕ್ಕೆ ಡೈನಮಿಕ್ ಮೆಮೊರಿ ಎಂದು ಹೆಸರು.

ಆ ಕಾಲದ 4116 ಚಿಪ್ಪಿಗೆ ಧನ 12, ಧನ 5 ಮತ್ತು ಋಣ 5 ಎಂಬ ಮೂರು ಬೇರೆ ಬೇರೆ ವೋಲ್ಟೇಜುಗಳು ಬೇಕು. ಇವುಗಳಲ್ಲಿ ಋಣ 5 ವೋಲ್ಟು ಚಿಪ್ಪಿನ ಸಿಲಿಕಾನ್ ತಳಕ್ಕೆ ಹೋಗಿ, ಒಳಗಿನ ಟ್ರಾನ್ಸಿಸ್ಟರುಗಳಿಂದ ತಳದತ್ತ ವಿದ್ಯುತ್ ನುಗ್ಗದಂತೆ ತಡೆಯುತ್ತದೆ. ಆದ್ದರಿಂದ ಅದು ಎಲ್ಲಕ್ಕಿಂತ ಮೊದಲು ಬಂದು ಎಲ್ಲಕ್ಕಿಂತ ಕೊನೆಗೆ ಹೋಗಬೇಕು. ಉಳಿದೆರಡು ವೋಲ್ಟೇಜುಗಳಿದ್ದು ಇದೊಂದೇ ಇಲ್ಲವಾದರೆ ಚಿಪ್ಪುಗಳು ಕಾವೇರಿ ಕೆಡುತ್ತವೆ. ಸ್ಪೆಕ್ಟ್ರಮ್‌ನಲ್ಲಿ ಧನ 12ನ್ನೂ ಋಣ 5ನ್ನೂ ಉತ್ಪಾದಿಸುವುದು ಒಂದು ಸುರುಳಿಯ ಮೂಲಕ ವಿದ್ಯುತ್ತನ್ನು ಅತಿ ವೇಗವಾಗಿ ಹಾಯಿಸಿ ನಿಲ್ಲಿಸುವ ಸಣ್ಣ ಮಂಡಲ; ಆ ಕೆಲಸ ಮಾಡುವ, ನಕ್ಷೆಯಲ್ಲಿ ಟಿಆರ್4 ಎಂದು ಗುರುತಿಸಿರುವ ಟ್ರಾನ್ಸಿಸ್ಟರು ಸುಟ್ಟರೆ ಋಣ ವೋಲ್ಟೇಜು ನಿಂತು, ಅದರ ಬೆನ್ನಿಗೇ ಮೆಮೊರಿಯೂ ಹಾಳಾಗುತ್ತದೆ. ಟಿಆರ್4 ಸುಡುವುದಕ್ಕೆ ಸಾಮಾನ್ಯ ಕಾರಣ ಹಿಂಬದಿಯ ಅಂಚಿನ ಕನೆಕ್ಟರು. ಬೋರ್ಡಿನ ಅಂಚಿನ ತಾಮ್ರದ ಪಟ್ಟಿಗಳೇ ಕನೆಕ್ಟರಾಗಿರುವ ಆ ಜಾಗದಲ್ಲಿ ವಿದ್ಯುತ್ತಿನ ಪಟ್ಟಿಗಳೂ ಸಂಕೇತಗಳ ಪಟ್ಟಿಗಳೂ ಪಕ್ಕಪಕ್ಕದಲ್ಲಿರುವುದರಿಂದ, ಯಂತ್ರ ಚಾಲೂ ಇರುವಾಗ ಜಾಯ್‌ಸ್ಟಿಕ್ ಉಪಕರಣ ಅಲುಗಾಡಿದರೂ ಶಾರ್ಟ್ ಆಗಬಹುದು. ಬದಲಿ ಕವಚದಲ್ಲಿ ಈ ಅಪಾಯ ಇನ್ನೂ ಹೆಚ್ಚು: ಬೋರ್ಡು ತನ್ನ ಮೂಲ ಆಸರೆಗಳ ಮೇಲಿಲ್ಲದೆ ಒಂದೆರಡು ಮಿಲಿಮೀಟರ್ ಓರೆಯಾಗಿ ಕುಳಿತರೂ ಸಿಕ್ಕಿಸಿದ ಉಪಕರಣ ವಾಲುತ್ತದೆ. ಹೀಗಾಗಿ ಮೊದಲು ಬೋರ್ಡನ್ನು ಸಮತಟ್ಟಾಗಿ ಕೂರಿಸಿ, ಸ್ಕ್ರೂಗಳ ತಲೆ ತಾಮ್ರದ ದಾರಿಗಳಿಗೆ ತಾಗದಂತೆ ನೋಡಿಕೊಂಡು, ಬಳಿಕ ಮಲ್ಟಿಮೀಟರಿನಲ್ಲಿ ಮೂರೂ ವೋಲ್ಟೇಜುಗಳನ್ನು ಅಳೆದು ಖಚಿತಪಡಿಸಿಕೊಳ್ಳಬೇಕು. ಋಣ 5 ಕಾಣದಿದ್ದರೆ ಯಂತ್ರವನ್ನು ತಕ್ಷಣ ಆರಿಸಬೇಕು.

48 ಕಿಲೋಬೈಟ್ ಮಾದರಿಯ ಉಳಿದ 32 ಕಿಲೋಬೈಟುಗಳ ಕಥೆ ಬೇರೆಯೇ. ಅಲ್ಲಿ ಬಳಸಿದ ಚಿಪ್ಪುಗಳು ಮೂಲತಃ 64 ಕಿಲೋಬಿಟ್‌ಗಳಾಗಿ ತಯಾರಾಗಿ, ಪರೀಕ್ಷೆಯಲ್ಲಿ ಅರ್ಧಭಾಗ ದೋಷಯುಕ್ತವೆಂದು ಕಂಡುಬಂದವು. ಅಂಥವನ್ನು ಅಗ್ಗವಾಗಿ ಕೊಂಡು, ಎಲ್ಲ ಎಂಟರಲ್ಲೂ ಒಂದೇ ಕಡೆಯ ಅರ್ಧ ಸರಿಯಿರುವಂತೆ ವಿಂಗಡಿಸಿ, ಯಾವ ಅರ್ಧವೆಂಬುದನ್ನು ಬೋರ್ಡಿನ ಒಂದು ಸಣ್ಣ ತಂತಿಯ ಸೇತುವೆಯಿಂದ ಸೂಚಿಸಲಾಗುತ್ತಿತ್ತು. ಮಿತವ್ಯಯದ ಇಂಜಿನಿಯರಿಂಗಿಗೆ ಇದಕ್ಕಿಂತ ಸೊಗಸಾದ ನಿದರ್ಶನ ಸಿಗುವುದು ಕಷ್ಟ. ಈಗ ಅವುಗಳಲ್ಲಿ ಒಂದು ಕೆಟ್ಟರೆ ಪೂರ್ಣ ಸರಿಯಿರುವ 4164 ಚಿಪ್ಪನ್ನು ಆ ಜಾಗದಲ್ಲಿ ಹಾಕಬಹುದು.

ಯಾವ ಮೆಮೊರಿ ಕೆಟ್ಟಿದೆಯೆಂದು ತಿಳಿಯಲು ಯಂತ್ರವೇ ನೆರವಾಗುತ್ತದೆ. ಸ್ವಿಚ್ ಒತ್ತಿದೊಡನೆ ರೋಮ್ (ROM) ಚಿಪ್ಪಿನಲ್ಲಿ, ಅಂದರೆ ಅಳಿಸಲಾಗದ ಶಾಶ್ವತ ಮೆಮೊರಿಯಲ್ಲಿ ಬರೆದಿಟ್ಟ ಪ್ರೋಗ್ರಾಮು ಬರೆಯಬಹುದಾದ ಮೆಮೊರಿಯ ಪ್ರತಿ ಬೈಟಿಗೂ 2 ಎಂಬ ಸಂಖ್ಯೆಯನ್ನು ತುಂಬುತ್ತದೆ. ಪರದೆಯ ಚಿತ್ರವೂ ಅದೇ ಮೆಮೊರಿಯಲ್ಲಿರುವುದರಿಂದ ಈ ಕ್ರಿಯೆ ಕಣ್ಣಿಗೆ ಕಾಣುತ್ತದೆ: ಎರಡನ್ನು ಎಂಟು ಬಿಟ್‌ಗಳಲ್ಲಿ ಬರೆದರೆ ಒಂದೇ ಒಂದು ಬಿಟ್ಟು ಹೊತ್ತಿಕೊಳ್ಳುವುದರಿಂದ ಎಂಟು ಚುಕ್ಕೆಗಳಿಗೊಂದರಂತೆ ಲಂಬರೇಖೆ ಮೂಡುತ್ತದೆ, ಬಣ್ಣದ ಕೋಷ್ಟಕದಲ್ಲಿ ಎರಡೆಂದರೆ ಕಪ್ಪು ಹಿನ್ನೆಲೆಯ ಮೇಲೆ ಕೆಂಪು. ಹೀಗೆ ಕಪ್ಪು ಪರದೆಯಲ್ಲಿ ಸಣ್ಣ ಕೆಂಪು ಗೆರೆಗಳು ಒಂದು ಗಳಿಗೆ ಕಾಣಿಸಿಕೊಂಡರೆ ಪ್ರೊಸೆಸರು ಕೆಲಸ ಮಾಡುತ್ತಿದೆಯೆಂದು ಅರ್ಥ. ಆಮೇಲೆ ಪ್ರೋಗ್ರಾಮು ಕೆಳಗಿನ ವಿಳಾಸದಿಂದ ಮೇಲಕ್ಕೆ ಸಾಗುತ್ತ ಪ್ರತಿ ಬೈಟಿನಿಂದ ಎರಡು ಸಲ ಒಂದೊಂದನ್ನು ಕಳೆದು ಸೊನ್ನೆ ಬಂತೇ ಎಂದು ನೋಡುತ್ತದೆ. ಎಲ್ಲಿ ಲೆಕ್ಕ ತಪ್ಪುತ್ತದೆಯೋ ಅಲ್ಲಿಗೆ ಮೆಮೊರಿ ಮುಗಿಯಿತೆಂದು ತೀರ್ಮಾನಿಸುತ್ತದೆ. ಹೀಗಾಗಿ ಮೇಲಿನ ಮೆಮೊರಿ ಪೂರ್ತಿ ಸತ್ತಿದ್ದರೂ ಯಂತ್ರವು ತನ್ನನ್ನು 16 ಕಿಲೋಬೈಟ್ ಮಾದರಿಯೆಂದು ತಿಳಿದುಕೊಂಡು ಏನೂ ಆಗಿಲ್ಲವೆಂಬಂತೆ ಕೃತಿಸ್ವಾಮ್ಯದ ಸಾಲನ್ನು ತೋರಿಸುತ್ತದೆ. ನಿಜಸ್ಥಿತಿ ತಿಳಿಯಲು ‘ಪ್ರಿಂಟ್ ಪೀಕ್ 23732 + 256 * ಪೀಕ್ 23733’ ಎಂಬ ಆಜ್ಞೆ ಕೊಡಬೇಕು. ಉತ್ತರ 65535 ಎಂದು ಬಂದರೆ 48 ಕಿಲೋಬೈಟೂ ಸರಿ, 32767 ಎಂದು ಬಂದರೆ ಕೆಳಗಿನ 16 ಮಾತ್ರ.

ಆ ಆಜ್ಞೆಯನ್ನು ಟೈಪ್ ಮಾಡಬೇಕೆಂದರೆ ಕೀಲಿಮಣೆ ನೆಟ್ಟಗಿರಬೇಕು. ಸ್ಪೆಕ್ಟ್ರಮ್‌ನ 40 ಕೀಲಿಗಳು ಎಂಟು ಸಾಲು, ಐದು ಕಂಬಗಳ ಜಾಲದಲ್ಲಿದ್ದು, ಹದಿಮೂರೇ ತಂತಿಗಳಲ್ಲಿ ಎಲ್ಲವನ್ನೂ ಓದಲಾಗುತ್ತದೆ. ಬದಲಿ ಕವಚದಲ್ಲಿ ಹೆಚ್ಚುವರಿಯಾಗಿ ಕೊಟ್ಟಿರುವ ಅಂಕಿಗಳ ಕೀಲಿಗಳು ಮೇಲಿನ ಸಾಲಿನ ಅಂಕಿಗಳಿಗೇ ಸಮಾಂತರವಾಗಿ ಜೋಡಿಸಿದವು, ಕಂಪ್ಯೂಟರಿಗೆ ಅವುಗಳ ಇರವೇ ತಿಳಿಯದು. ದೋಷ ಹುಡುಕಲು ಈ ಜಾಲವೇ ನಕ್ಷೆ. ಎ, ಎಸ್, ಡಿ, ಎಫ್, ಜಿ ಈ ಐದೂ ಒಟ್ಟಿಗೆ ಸತ್ತಿದ್ದರೆ ಒಂದು ಸಾಲಿನ ತಂತಿ ಬಿಟ್ಟಿದೆ. ಎ, ಕ್ಯೂ, 1, 0, ಪಿ, ಎಂಟರ್, ಸ್ಪೇಸ್ ಮತ್ತು ಕ್ಯಾಪ್ಸ್ ಶಿಫ್ಟ್ ಒಟ್ಟಿಗೆ ಸತ್ತಿದ್ದರೆ ಒಂದು ಕಂಬದ ತಂತಿ ಬಿಟ್ಟಿದೆ. ಒಂದೇ ಕೀಲಿ ಮೌನವಾಗಿದ್ದರೆ ಅದರ ಲೋಹದ ಸಂಪರ್ಕದಲ್ಲಿ ಕಿಲುಬು ಕಟ್ಟಿದೆ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಶುಚಿಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಶಾಖಕ್ಕೆ ಒಣಗಿ ಮುರಿಯುವ ಮೂಲ ಮೆಂಬ್ರೇನನ್ನು ಬದಲಾಯಿಸದೆ ಗತ್ಯಂತರವಿಲ್ಲ; ಬಿಡಿ ಸ್ವಿಚ್ಚುಗಳ ಕೀಲಿಮಣೆಯನ್ನು ಒಂದೊಂದಾಗಿ ಬಿಚ್ಚಿ ಸರಿಪಡಿಸಬಹುದು ಎಂಬುದು ಈ ಕವಚಗಳ ಹೆಚ್ಚುಗಾರಿಕೆ.

ಉಳಿದ ಕೆಲಸ ಮಾಮೂಲಿನದು. ಒಳಗಿನ ದ್ರವ ಒಣಗಿರಬಹುದಾದ ಎಲೆಕ್ಟ್ರೊಲೈಟಿಕ್ ಕೆಪಾಸಿಟರುಗಳನ್ನು ಬದಲಿಸಬೇಕು. 9 ವೋಲ್ಟನ್ನು 5ಕ್ಕೆ ಇಳಿಸುವ 7805 ಎಂಬ ರೆಗ್ಯುಲೇಟರು ಉಳಿದ 4 ವೋಲ್ಟನ್ನು ಶಾಖವಾಗಿ ಕಳೆಯುವುದರಿಂದ, ಒಂದು ಆಂಪಿಯರ್ ಹರಿದರೆ 4 ವ್ಯಾಟ್ ಕಾವು ಹುಟ್ಟುತ್ತದೆ. ಗಾಳಿಯಾಡುವ ದೊಡ್ಡ ಕವಚದಲ್ಲಿ ಅದರ ಜಾಗಕ್ಕೆ ಆಧುನಿಕ ಭಾಗವನ್ನು ತರುವ ಅಗತ್ಯವಿಲ್ಲ. ಇಂದಿನ ಟಿವಿಗೆ ಜೋಡಿಸಲು, ಚಿತ್ರವನ್ನು ಟಿವಿಯ ಆಂಟೆನಾ ಸಂಕೇತವಾಗಿಸುವ ಮಾಡ್ಯುಲೇಟರಿಗೆ ಹೋಗುವ ಕಾಂಪೊಸಿಟ್ ಚಿತ್ರಸಂಕೇತವನ್ನು ನೇರವಾಗಿ ಹಿಂದಿನ ಸಾಕೆಟ್ಟಿಗೆ ಕೊಡುವುದು ರೂಢಿ. ಎರಡು ಬೆಸುಗೆಗಳನ್ನು ಬಿಡಿಸಿ ಇದನ್ನು ಹಿಂದಕ್ಕೆ ತಿರುಗಿಸಬಹುದಾದ್ದರಿಂದ ಆಕ್ಷೇಪಕ್ಕೆ ಎಡೆಯಿಲ್ಲ.

ಕವಚವನ್ನು ತೊಳೆಯುವಾಗ ಮಾತ್ರ ವಿಶೇಷ ತಾಳ್ಮೆ ಬೇಕು. ಸ್ಪೆಕ್ಟ್ರಮ್‌ನ ಬೇಸಿಕ್ ಭಾಷೆಯಲ್ಲಿ ಆಜ್ಞೆಗಳನ್ನು ಒಂದೊಂದೇ ಅಕ್ಷರವಾಗಿ ಬರೆಯುವಂತಿಲ್ಲ: ಪಿ ಒತ್ತಿದರೆ ‘ಪ್ರಿಂಟ್’ ಎಂಬ ಇಡೀ ಪದ ಬರುತ್ತದೆ, ‘ಪೀಕ್’ ಬೇಕೆಂದರೆ ಎರಡು ಶಿಫ್ಟ್‌ಗಳನ್ನು ಒಟ್ಟಿಗೆ ಒತ್ತಿ ಬಿಟ್ಟು ಓ ಒತ್ತಬೇಕು. ಒಂದೇ ಕೀಲಿಗೆ ಐದಾರು ಅರ್ಥಗಳಿರುವುದರಿಂದ ಅವೆಲ್ಲವನ್ನೂ ಕೀಲಿಯ ಮೇಲೆ ಬರೆಯಲೇಬೇಕು, ಬದಲಿ ಕೀಲಿಮಣೆಗಳಲ್ಲಿ ಈ ಬರಹ ಅಂಟುಚೀಟಿಯ ರೂಪದಲ್ಲಿರುವುದೂ ಉಂಟು. ಕೀಲಿಗಳನ್ನು ಸಾಬೂನುನೀರಿನಲ್ಲಿ ನೆನೆಹಾಕಿದರೆ ಜಿಡ್ಡಿನೊಡನೆ ಚೀಟಿಗಳೂ ಕಿತ್ತುಬಂದು, ಸುಸ್ಥಿತಿಯಲ್ಲಿರುವ ಯಂತ್ರವೂ ಹೊಸಬರಿಗೆ ನಿರುಪಯೋಗಿಯಾಗುತ್ತದೆ. ಮೊದಲೇ ಪ್ರತಿ ಕೀಲಿಯ ಛಾಯಾಚಿತ್ರ ತೆಗೆದಿಟ್ಟು, ಅರೆಒದ್ದೆ ಬಟ್ಟೆಯಿಂದ ಚೀಟಿಯ ಅಂಚನ್ನು ಬಿಟ್ಟು ಒರೆಸಬೇಕು. ಹಿಂದಿನ ಒಡೆಯರು ಸ್ವಿಚ್ಚಿಗಾಗಿ ಕೊರೆದ ತೂತುಗಳನ್ನು ಮುಚ್ಚಬಾರದು. ತೆಗೆದುಹಾಕಿದ ಚಿಪ್ಪು, ಕೆಪಾಸಿಟರುಗಳನ್ನು ದಿನಾಂಕ ಬರೆದ ಪೊಟ್ಟಣದಲ್ಲಿಟ್ಟು, ಮಾಡಿದ ಬದಲಾವಣೆಗಳ ಪಟ್ಟಿಯೊಂದಿಗೆ, ಬೋರ್ಡಿಗೆ ತಾಗದಂತೆ ಕವಚದ ಖಾಲಿ ಮೂಲೆಯಲ್ಲೇ ಇರಿಸಬಹುದು. ಅಷ್ಟಕ್ಕೆ ಬೇಕಾದ ಸ್ಥಳ ಮೂಲ ಸ್ಪೆಕ್ಟ್ರಮ್ ಕವಚದಲ್ಲಿ ಎಂದೂ ಇರಲಿಲ್ಲ.